ವ್ಯಾಪಾರಸ್ಥರ ಮನೆತನದ ಆಸ್ತಿ ವ್ಯವಸ್ಥೆ: ಮೃತ್ಯುಪತ್ರ, ವಿವಾಹ ವಿಚ್ಛೇದನ ಮತ್ತು ಮಕ್ಕಳ ಪಾಲನೆ

ವ್ಯಾಪಾರಸ್ಥರು ಅಂಗಡಿಯ ಲೆಕ್ಕವನ್ನು ಪ್ರತಿವರ್ಷ ಮಾರ್ಚ್ 31ಕ್ಕೆ ಮುಗಿಸುತ್ತಾರೆ. ದೀಪಾವಳಿಗೆ ಹೊಸ ಕೀರ್ದಿ-ಖಾತೆಗಳ ಪೂಜೆಯನ್ನೂ ನೆರವೇರಿಸುತ್ತಾರೆ. ಆದರೆ ಅದೇ ಅಂಗಡಿ, ಗೋದಾಮು, ಹೊಲ, ಮನೆ ಮತ್ತು ಬ್ಯಾಂಕಿನ ಠೇವಣಿಗಳು ತಮ್ಮ ನಂತರ ಯಾರಿಗೆ, ಯಾವ ಪ್ರಮಾಣದಲ್ಲಿ ಸೇರಬೇಕೆಂಬ ಲೆಕ್ಕ ಬಹಳಷ್ಟು ಮನೆಗಳಲ್ಲಿ ಹಿರಿಯರ ಮನಸ್ಸಿನಲ್ಲಿಯೇ ಉಳಿದಿರುತ್ತದೆ. ನಿಪ್ಪಾಣಿಯ ತಂಬಾಕು, ಅಥಣಿಯ ಪಾದರಕ್ಷೆ, ರಾಯಬಾಗ ಮತ್ತು ಕಾಗವಾಡದ ಕಬ್ಬು-ಬೆಲ್ಲ, ಚಿಕ್ಕೋಡಿಯ ಅಂಗಡಿ ಪೇಟೆ, ಇವೆಲ್ಲವೂ ಬಹುಮಟ್ಟಿಗೆ ಮನೆತನದ ಉದ್ಯೋಗಗಳು. ಆದ್ದರಿಂದ ಮನೆಯಲ್ಲಿ ತಂಟೆ ಹುಟ್ಟಿದರೆ ಅದರ ಪರಿಣಾಮವು ಮೊದಲು ಅಂಗಡಿಯ ಮೇಲೆ ಆಗುತ್ತದೆ.

ಇದಕ್ಕೆ ನಮ್ಮ ಜಿಲ್ಲೆಯದೇ ನಿದರ್ಶನವಿದೆ. 1988ರಲ್ಲಿ ತಂದೆ ತೀರಿಕೊಂಡ ನಂತರ ಮಗಳೊಬ್ಬರು ತಮ್ಮ ಹಿಸ್ಸೆಗಾಗಿ 1992ರಲ್ಲಿ ಬೆಳಗಾವಿಯ ಸಿವಿಲ್ ನ್ಯಾಯಾಲಯದಲ್ಲಿ ದಾವೆ ಹೂಡಿದರು. ದಾವೆ ನಡೆಯುತ್ತಿರುವಾಗಲೇ 1994ರಲ್ಲಿ ಕರ್ನಾಟಕದ ಕಾನೂನು ಬದಲಾಯಿತು, 2005ರಲ್ಲಿ ಕೇಂದ್ರದ ಕಾನೂನೂ ಬದಲಾಯಿತು. ಉಚ್ಚ ನ್ಯಾಯಾಲಯವು ಮಗಳಿಗೆ ಸಮಪಾಲು ಎಂದಿತು. 2015ರ ಅಕ್ಟೋಬರ್ 16ರಂದು ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನು ಒಪ್ಪಲಿಲ್ಲ. 2005ರ ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಜೀವಂತವಿರಬೇಕಿತ್ತು ಎಂದಿತು. 'ಪ್ರಕಾಶ ವಿರುದ್ಧ ಫೂಲಾವತಿ' ಎಂದು ದೇಶದಾದ್ಯಂತ ಹೆಸರಾದ ಪ್ರಕರಣವಿದು. ದಾವೆ ಹೂಡಿ ಅಷ್ಟರಲ್ಲಿ 23 ವರ್ಷಗಳಾಗಿದ್ದವು. ಮುಂದೆ 2020ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೂವರು ನ್ಯಾಯಮೂರ್ತಿಗಳ ಪೀಠವು ಈ ತೀರ್ಪಿನ ಅಭಿಪ್ರಾಯವನ್ನೇ ತಳ್ಳಿಹಾಕಿತು. ಒಂದು ಹಿಸ್ಸೆಯ ಪ್ರಶ್ನೆ ಇಷ್ಟು ಕಾಲ ನ್ಯಾಯಾಲಯದಲ್ಲಿ ಉಳಿದರೆ ಆ ಆಸ್ತಿಯ ಮೇಲೆ ಸಾಲ ಸಿಗುವುದಿಲ್ಲ, ಮಾರಾಟವೂ ಆಗುವುದಿಲ್ಲ. ಆದ್ದರಿಂದ ಹಿರಿಯರು ಇರುವಾಗಲೇ ಮಾಡಬಹುದಾದ ವ್ಯವಸ್ಥೆಯನ್ನು ತಿಳಿದುಕೊಳ್ಳುವುದು ಅವಶ್ಯ.

1. ಆಸ್ತಿಯನ್ನು ಮೂರು ಖಾತೆಗಳಾಗಿ ವಿಂಗಡಿಸುವುದು

ಮೊದಲನೆಯದು ಪಿತ್ರಾರ್ಜಿತ ಅಥವಾ ಅವಿಭಕ್ತ ಕುಟುಂಬದ ಆಸ್ತಿ. ಇದರಲ್ಲಿ ಮಕ್ಕಳಿಗೆ ಜನ್ಮದಿಂದಲೇ ಹಕ್ಕಿರುತ್ತದೆ. ಎರಡನೆಯದು ಸ್ವಯಾರ್ಜಿತ ಆಸ್ತಿ. ಗಳಿಸಿದವನು ಇದನ್ನು ತನ್ನ ಇಚ್ಛೆಯಂತೆ ಯಾರಿಗೆ ಬೇಕಾದರೂ ಕೊಡಬಹುದು. ತಂದೆಯ ಸ್ವಯಾರ್ಜಿತ ಆಸ್ತಿಯು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ಮಗನಿಗೆ ಬಂದಿದ್ದರೆ ಅದು ಮಗನ ಸ್ವಂತ ಆಸ್ತಿಯೇ ಹೊರತು ಮೊಮ್ಮಕ್ಕಳಿಗೆ ಅದರಲ್ಲಿ ಜನ್ಮಸಿದ್ಧ ಹಕ್ಕಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 1986ರಲ್ಲಿ ಸ್ಪಷ್ಟಪಡಿಸಿದೆ. ಮೂರನೆಯದು ಪಾಲುದಾರಿಕೆ ಸಂಸ್ಥೆಯ ಆಸ್ತಿ. ಗೋದಾಮು ಸಂಸ್ಥೆಯ ಹೆಸರಿನಲ್ಲಿದ್ದರೆ ಪಾಲುದಾರನ ವಾರಸುದಾರರಿಗೆ ಸಿಗುವುದು ಆತನ ಪಾಲಿನ ಮೌಲ್ಯವೇ ಹೊರತು ಗೋದಾಮಿನ ಒಂದು ಭಾಗವಲ್ಲ.

ಈ ವಿಂಗಡಣೆಗೆ ಕಾಗದಪತ್ರಗಳು ಬೇಕು. 1956ರವರೆಗೆ ಈ ಪ್ರದೇಶವು ಮುಂಬಯಿ ರಾಜ್ಯದಲ್ಲಿದ್ದುದರಿಂದ ಹಳೆಯ ಉತಾರ ಮತ್ತು ಖರೀದಿ ಪತ್ರಗಳು ಎಷ್ಟೋ ಮನೆಗಳಲ್ಲಿ ಮರಾಠಿಯಲ್ಲಿವೆ. ಕೆಲವು ಮೋಡಿ ಲಿಪಿಯಲ್ಲಿಯೂ ಇವೆ. ಅವುಗಳನ್ನು ಓದಿ ಹೇಳಬಲ್ಲ ಹಿರಿಯರು ಇರುವಾಗಲೇ ಕನ್ನಡ ಅನುವಾದ ಮಾಡಿಸಿ ಇಟ್ಟುಕೊಳ್ಳುವುದು ಒಳ್ಳೆಯದು.

2. ಹೆಣ್ಣುಮಕ್ಕಳ ಹಿಸ್ಸೆ

ಕರ್ನಾಟಕವು 1994ರ ಜುಲೈ 30ರಿಂದ ಅವಿವಾಹಿತ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಂತೆಯೇ ಹಕ್ಕು ನೀಡಿತು. ಅದಕ್ಕಿಂತ ಮೊದಲೇ ಮದುವೆಯಾದವರಿಗೆ ಆ ಹಕ್ಕು ಇರಲಿಲ್ಲ. 2005ರ ಸೆಪ್ಟೆಂಬರ್ 9ರ ಕೇಂದ್ರದ ತಿದ್ದುಪಡಿಯು ವಿವಾಹಿತೆ, ಅವಿವಾಹಿತೆ ಎಂಬ ಭೇದವನ್ನು ತೆಗೆಯಿತು. 2020ರ ಆಗಸ್ಟ್ 11ರ ವಿನೀತಾ ಶರ್ಮಾ ಪ್ರಕರಣದ ತೀರ್ಪಿನಂತೆ ಈ ಹಕ್ಕು ಜನ್ಮದಿಂದಲೇ ಬರುವಂಥದ್ದು. 2005ರಲ್ಲಿ ತಂದೆ ಜೀವಂತವಿರಬೇಕೆಂಬ ನಿಬಂಧನೆಯಿಲ್ಲ. ಲಿಂಗಾಯತ, ವೀರಶೈವ ಮತ್ತು ಜೈನ ಕುಟುಂಬಗಳಿಗೂ ಇದೇ ಕಾಯಿದೆ ಅನ್ವಯಿಸುತ್ತದೆ.

ಈ ಬದಲಾವಣೆಯ ಪ್ರಮಾಣವನ್ನು ಗಡಿಯಾಚೆಯ ಸಾಂಗಲಿಯ ಒಂದು ಪ್ರಕರಣದಿಂದ ತಿಳಿಯಬಹುದು. 1960ರಲ್ಲಿ ಖಂಡಪ್ಪ ಮಗದುಮ್ ಎಂಬವರು ಪತ್ನಿ, ಇಬ್ಬರು ಗಂಡುಮಕ್ಕಳು ಮತ್ತು ಮೂವರು ಹೆಣ್ಣುಮಕ್ಕಳನ್ನು ಬಿಟ್ಟು ತೀರಿಕೊಂಡರು. ಆಸ್ತಿಯಲ್ಲಿ ಮನೆ, ಜಮೀನುಗಳೊಂದಿಗೆ ಎರಡು ಅಂಗಡಿಗಳೂ ಇದ್ದವು. ಪತ್ನಿ 1962ರಲ್ಲಿ ಹೂಡಿದ ದಾವೆಯನ್ನು ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ ತೀರ್ಮಾನಿಸಿತು. ಸಾವಿಗೆ ಮುಂಚೆಯೇ ವಾಟ್ನಿ ಆಗಿತ್ತೆಂದು ಭಾವಿಸಿದರೆ ತಂದೆ, ತಾಯಿ ಮತ್ತು ಇಬ್ಬರು ಗಂಡುಮಕ್ಕಳಿಗೆ ತಲಾ ನಾಲ್ಕನೇ ಒಂದು ಹಿಸ್ಸೆ. ತಂದೆಯ ಆ ಹಿಸ್ಸೆಯು ಆರು ವಾರಸುದಾರರಲ್ಲಿ ಹಂಚಿಕೆಯಾದಾಗ ತಲಾ 24ರಲ್ಲಿ 1 ಪಾಲು. ಹೀಗೆ ತಾಯಿಗೆ ಮತ್ತು ಪ್ರತಿ ಗಂಡುಮಗನಿಗೆ 24ರಲ್ಲಿ 7 ಪಾಲು, ಪ್ರತಿ ಹೆಣ್ಣುಮಗಳಿಗೆ 24ರಲ್ಲಿ 1 ಪಾಲು ಎಂಬ ಲೆಕ್ಕವಾಯಿತು. ಅಂಥದೇ ಕುಟುಂಬದಲ್ಲಿ ಇಂದು ತಂದೆ ಮೃತ್ಯುಪತ್ರವಿಲ್ಲದೆ ತೀರಿಕೊಂಡರೆ ಮೂವರು ಹೆಣ್ಣುಮಕ್ಕಳೂ ವಾಟ್ನಿಯ ಹಿಸ್ಸೇದಾರರೇ ಆಗುವುದರಿಂದ ಆರು ಜನರಿಗೂ ಸಮನಾಗಿ ಆರನೇ ಒಂದು ಪಾಲು ಬರುತ್ತದೆ.

ತವರಿನಿಂದ ಮದುವೆಗೆ ಮಾಡಿದ ಖರ್ಚನ್ನು ಹಿಸ್ಸೆ ಎಂದು ಕಾನೂನು ಎಣಿಸುವುದಿಲ್ಲ. ಬಾಯಿಮಾತಿನ ವಾಟ್ನಿಯನ್ನು ಅಥವಾ ತಲಾಠಿಯ ಬಳಿ ವರ್ದಿ ಕೊಟ್ಟು ಉತಾರದಲ್ಲಿ ಹೆಸರು ಏರಿಸಿದ್ದನ್ನು ಮಾತ್ರವೇ ನಂಬಿ ಕೂರುವುದೂ ಅಪಾಯಕರ. 2004ರ ಡಿಸೆಂಬರ್ 20ಕ್ಕಿಂತ ಮೊದಲು ನೋಂದಣಿಯಾದ ಅಥವಾ ನ್ಯಾಯಾಲಯದ ಡಿಕ್ರಿಯಿಂದ ಆದ ವಾಟ್ನಿಗಳಿಗೆ ರಕ್ಷಣೆಯಿದೆ. ಬಾಯಿಮಾತಿನ ವಾಟ್ನಿಯನ್ನು ಸರಕಾರಿ ದಾಖಲೆಗಳ ಬಲವಾದ ಆಧಾರವಿದ್ದಾಗ ಮಾತ್ರ, ಅದೂ ಅಪರೂಪವಾಗಿ, ನ್ಯಾಯಾಲಯಗಳು ಒಪ್ಪುತ್ತವೆ. ಹೆಣ್ಣುಮಕ್ಕಳು ಮನಃಪೂರ್ವಕವಾಗಿ ಹಕ್ಕು ಬಿಡಲು ಒಪ್ಪಿದ್ದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬೇಕು.

3. ಮೃತ್ಯುಪತ್ರ

ಮೃತ್ಯುಪತ್ರಕ್ಕೆ ಸ್ಟ್ಯಾಂಪ್ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಬರೆದವರು ಸಹಿ ಮಾಡಬೇಕು, ಕನಿಷ್ಠ ಇಬ್ಬರು ಸಾಕ್ಷಿದಾರರು ಸಹಿ ಮಾಡಬೇಕು. ನಮ್ಮ ಭಾಗದ ಹಿಂದೂ ಕುಟುಂಬಗಳ ಮೃತ್ಯುಪತ್ರಕ್ಕೆ ನ್ಯಾಯಾಲಯದ ಪ್ರೊಬೇಟ್ ಕಡ್ಡಾಯವಿಲ್ಲ. ಆದರೂ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸಿದರೆ ಮುಂದೆ ವಾದಕ್ಕೆ ಎಡೆ ಕಡಿಮೆ. ಬರೆದವರು ಅದನ್ನು ಬದುಕಿರುವವರೆಗೆ ಯಾವಾಗ ಬೇಕಾದರೂ ಬದಲಿಸಬಹುದು. ಕೊನೆಯದಾಗಿ ಬರೆದದ್ದೇ ಊರ್ಜಿತವಾಗುವುದರಿಂದ ದಿನಾಂಕ ಸ್ಪಷ್ಟವಾಗಿರಬೇಕು.

ಪಿತ್ರಾರ್ಜಿತ ಆಸ್ತಿಯಲ್ಲಿ ತಂದೆಯು ತನ್ನ ಹಿಸ್ಸೆಯನ್ನು ಮಾತ್ರ ಮೃತ್ಯುಪತ್ರದಲ್ಲಿ ಬರೆಯಬಹುದು. ಇಡೀ ಆಸ್ತಿಯನ್ನು ಒಬ್ಬ ಮಗನಿಗೆ ಬರೆದಿಟ್ಟರೆ ಉಳಿದವರ ಹಿಸ್ಸೆಯ ಮಟ್ಟಿಗೆ ಅದು ನಡೆಯುವುದಿಲ್ಲ. ಮೈಸೂರು ರಾಜ್ಯದಿಂದ ಹೋದ ವೆಂಕಟಾಚಲ ಅಯ್ಯಂಗಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1958ರಲ್ಲಿ ಹೇಳಿದ ತತ್ವವು ಇಂದಿಗೂ ಆಧಾರವಾಗಿದೆ: ಮೃತ್ಯುಪತ್ರದ ಸುತ್ತ ಸಂಶಯವಿದ್ದರೆ ಅದನ್ನು ನಿವಾರಿಸುವ ಹೊಣೆ ಅದನ್ನು ಮುಂದಿಟ್ಟವರದೇ. ಆದ್ದರಿಂದ ಹೆಚ್ಚು ಪಾಲು ಪಡೆಯುವವರು ಬರವಣಿಗೆಯಲ್ಲಿ ಮುಂದಾಳತ್ವ ವಹಿಸಬಾರದು, ಸಾಕ್ಷಿಯಾಗಿಯೂ ಇರಬಾರದು. ಒಬ್ಬರಿಗೆ ಕಡಿಮೆ ಕೊಟ್ಟಿದ್ದರೆ ಅದರ ಕಾರಣವನ್ನು ಒಂದು ವಾಕ್ಯದಲ್ಲಿಯಾದರೂ ಬರೆಯಬೇಕು. ಸಾಕ್ಷಿದಾರರು ವಯಸ್ಸಿನಲ್ಲಿ ಕಿರಿಯರಾಗಿರುವುದು ಲೇಸು. ಏಕೆಂದರೆ ಅವರಲ್ಲಿ ಒಬ್ಬರಾದರೂ ಮುಂದೆ ನ್ಯಾಯಾಲಯದಲ್ಲಿ ಸಾಕ್ಷಿ ಹೇಳಬೇಕಾಗುತ್ತದೆ.

ಮುಸ್ಲಿಂ ಕುಟುಂಬಗಳಿಗೆ ನಿಯಮ ಬೇರೆ. ಸಾಲ ಮತ್ತು ಅಂತ್ಯಕ್ರಿಯೆಯ ವೆಚ್ಚ ಕಳೆದು ಉಳಿದ ಆಸ್ತಿಯ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನದನ್ನು ಮೃತ್ಯುಪತ್ರದ ಮೂಲಕ ಕೊಡಲು ವಾರಸುದಾರರ ಒಪ್ಪಿಗೆ ಬೇಕು.

4. ಉದ್ಯೋಗದ ಮುಂದುವರಿಕೆ

ಪಾಲುದಾರಿಕೆ ಕಾಯಿದೆ 1932ರಂತೆ, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಒಬ್ಬ ಪಾಲುದಾರನ ಮರಣದಿಂದ ಸಂಸ್ಥೆಯೇ ವಿಸರ್ಜನೆಯಾಗುತ್ತದೆ. ಇಬ್ಬರೇ ಪಾಲುದಾರರಿದ್ದರೆ ಕರಾರಿನಲ್ಲಿ ಏನೇ ಬರೆದಿದ್ದರೂ ಹಳೆಯ ಸಂಸ್ಥೆ ಉಳಿಯುವುದಿಲ್ಲವೆಂಬುದು ಗೋವಿಂದರಾಮ್ ಶುಗರ್ ಮಿಲ್ಸ್ ಪ್ರಕರಣದ ತೀರ್ಪು. ತಂದೆ ಮತ್ತು ಒಬ್ಬ ಮಗ ಮಾತ್ರ ಪಾಲುದಾರರಾಗಿರುವ ಸಂಸ್ಥೆಗಳು ಮೂರನೆಯವರನ್ನು ಸೇರಿಸಿಕೊಳ್ಳುವ ಬಗ್ಗೆ ಯೋಚಿಸಬೇಕು. ಮೃತ ಪಾಲುದಾರನ ಲೆಕ್ಕ ತೀರಿಸದೆ ಉಳಿದವರು ವ್ಯವಹಾರ ಮುಂದುವರಿಸಿದರೆ, ಕರಾರಿನಲ್ಲಿ ಬೇರೆ ಮಾತಿಲ್ಲದ ಪಕ್ಷದಲ್ಲಿ, ವಾರಸುದಾರರು ಆ ಬಂಡವಾಳದಿಂದ ಬಂದ ಲಾಭವನ್ನಾಗಲಿ ಶೇ. 6ರ ಬಡ್ಡಿಯನ್ನಾಗಲಿ ಕೇಳಬಹುದು.

ಏಕಮಾಲೀಕನ ಅಂಗಡಿಯಾಗಿದ್ದರೆ ಜಿಎಸ್‌ಟಿ ನೋಂದಣಿ ವಾರಸುದಾರನಿಗೆ ತಾನಾಗಿ ಬರುವುದಿಲ್ಲ. ಆತ 30 ದಿನಗಳೊಳಗೆ ಹೊಸ ನೋಂದಣಿಗೆ ಅರ್ಜಿ ಸಲ್ಲಿಸಿ, ಉಳಿದಿರುವ ಹೂಡುವಳಿ ತೆರಿಗೆ ಜಮೆಯನ್ನು ಐಟಿಸಿ-02 ನಮೂನೆಯ ಮೂಲಕ ವರ್ಗಾಯಿಸಿಕೊಳ್ಳಬೇಕು. ಇದರ ಕ್ರಮವನ್ನು 2019ರ ಮಾರ್ಚ್ 28ರ ಸುತ್ತೋಲೆ ವಿವರಿಸುತ್ತದೆ. ವ್ಯವಹಾರ ಮುಂದುವರಿಸುವ ವಾರಸುದಾರನ ಮೇಲೆ ಹಳೆಯ ತೆರಿಗೆ ಬಾಕಿಯ ಹೊಣೆಯೂ ಬರುತ್ತದೆ.

ನಾಮನಿರ್ದೇಶನವಾಗಿದೆ ಎಂದ ಮಾತ್ರಕ್ಕೆ ಮಾಲೀಕತ್ವ ಬಂತೆಂದು ತಿಳಿಯಬಾರದು. ಬ್ಯಾಂಕ್ ಠೇವಣಿಯಲ್ಲಿ ನಾಮನಿರ್ದೇಶಿತನು ಹಣ ಪಡೆದು ವಾರಸುದಾರರಿಗೆ ಮುಟ್ಟಿಸಬೇಕಾದವನು. ಷೇರುಗಳ ವಿಷಯದಲ್ಲಿಯೂ ಇದೇ ತತ್ವವೆಂದು ಸರ್ವೋಚ್ಚ ನ್ಯಾಯಾಲಯವು 2023ರ ಡಿಸೆಂಬರ್‌ನಲ್ಲಿ ತೀರ್ಪಿತ್ತಿದೆ. 2025ರ ನವೆಂಬರ್ 1ರಿಂದ ಬ್ಯಾಂಕ್ ಖಾತೆಗೆ ನಾಲ್ವರವರೆಗೆ ನಾಮನಿರ್ದೇಶನ ಮಾಡಬಹುದಾಗಿದೆ. ಮೃತ್ಯುಪತ್ರದಲ್ಲಿ ಒಂದು ಹೆಸರು, ಬ್ಯಾಂಕಿನಲ್ಲಿ ಇನ್ನೊಂದು ಹೆಸರು ಇರದಂತೆ ನೋಡಿಕೊಳ್ಳಬೇಕು.

5. ವಿವಾಹ ವಿಚ್ಛೇದನದ ಸಂದರ್ಭ

ಮಕ್ಕಳ ಸಂಸಾರದಲ್ಲಿ ಬಿರುಕು ಬಿಟ್ಟಾಗ ಹಿರಿಯರು ಮೊದಲು ಸಂಧಾನಕ್ಕೆ ಪ್ರಯತ್ನಿಸುವುದು ಸಹಜ. ಅದು ಕೈಗೂಡದಿದ್ದರೆ ವ್ಯವಹಾರದ ದೃಷ್ಟಿಯಿಂದ ಕೆಲವು ಸಂಗತಿಗಳನ್ನು ಅರಿತಿರಬೇಕು. ಮದುವೆಯಲ್ಲಿ ಬಂದ ಬಂಗಾರ ಮತ್ತು ಕಾಣಿಕೆಗಳು ಸ್ತ್ರೀಧನ. ಅದು ಸಂಪೂರ್ಣವಾಗಿ ಆಕೆಯದೇ ಎಂದು 1985ರ ಪ್ರತಿಭಾ ರಾಣಿ ಪ್ರಕರಣದಲ್ಲಿ ನಿರ್ಧಾರವಾಗಿದೆ. ಅದನ್ನು ಅಂಗಡಿಯ ಸಾಲಕ್ಕೆ ಒತ್ತೆ ಇಟ್ಟಿದ್ದರೆ ಬಿಡಿಸಿ ಕೊಡಬೇಕಾಗುತ್ತದೆ. ಪತ್ನಿಯ ಹೆಸರಿನಲ್ಲಿ ಖರೀದಿಸಿದ ನಿವೇಶನವು ವಿಚ್ಛೇದನದಿಂದ ತಾನಾಗಿ ಪತಿಗೆ ಮರಳುವುದಿಲ್ಲ.

ಆದಾಯ ತೆರಿಗೆಯ ಅನುಕೂಲಕ್ಕೆಂದು ಸೊಸೆಯನ್ನು ಪಾಲುದಾರಳನ್ನಾಗಿ ಮಾಡಿಕೊಂಡ ಸಂಸ್ಥೆಗಳು ಅನೇಕ. ವಿಚ್ಛೇದನದ ಡಿಕ್ರಿಯು ಪಾಲುದಾರಿಕೆಯನ್ನು ಮುರಿಯುವುದಿಲ್ಲ. ಆಕೆ ನಿವೃತ್ತಿಯಾಗುವವರೆಗೆ ಪಾಲುದಾರಳೇ. ಬ್ಯಾಂಕಿನ ಸಾಲಕ್ಕೆ ಹೊಣೆಗಾರಳೂ ಹೌದು. ನಿವೃತ್ತಿಯ ಕ್ರಮವನ್ನು ಮತ್ತು ಬಂಡವಾಳದ ಮೌಲ್ಯಮಾಪನವನ್ನು ಕರಾರಿನಲ್ಲಿ ಮೊದಲೇ ಬರೆದಿದ್ದರೆ ಎರಡೂ ಕಡೆಯವರಿಗೆ ನ್ಯಾಯ ದೊರೆಯುತ್ತದೆ.

ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ತಮ್ಮ ಆದಾಯ, ಆಸ್ತಿ ಮತ್ತು ಸಾಲಗಳ ಪ್ರಮಾಣಪತ್ರ ಸಲ್ಲಿಸಬೇಕೆಂದು 2020ರ ರಜನೀಶ್-ನೇಹಾ ತೀರ್ಪು ವಿಧಿಸಿದೆ. ರಿಟರ್ನಿನಲ್ಲಿ ತೋರಿಸಿದ ಆದಾಯ ಕಡಿಮೆಯಿದ್ದು ಮನೆಯ ನಡವಳಿಕೆ ದೊಡ್ಡದಾಗಿದ್ದರೆ ನ್ಯಾಯಾಲಯವು ಅದನ್ನೂ ಪರಿಶೀಲಿಸುತ್ತದೆ. ಡಿಕ್ರಿ ಆಗುವವರೆಗೆ ಬೇರೆ ವಾಸವಿದ್ದರೂ ಪತ್ನಿ ವಾರಸುದಾರಳೇ. ಡಿಕ್ರಿಯ ನಂತರ ಆ ಹಕ್ಕು ಉಳಿಯುವುದಿಲ್ಲ. ಆದ್ದರಿಂದ ಡಿಕ್ರಿ ಆದೊಡನೆ ಮೃತ್ಯುಪತ್ರ ಮತ್ತು ನಾಮನಿರ್ದೇಶನಗಳನ್ನು ಪರಿಷ್ಕರಿಸಬೇಕು.

6. ಮಕ್ಕಳ ಪಾಲನೆ ಮತ್ತು ಅವರ ಆಸ್ತಿ

ಮಕ್ಕಳು ಯಾರ ಬಳಿ ಇರಬೇಕೆಂಬುದಕ್ಕೆ ಮಗುವಿನ ಹಿತವೇ ನ್ಯಾಯಾಲಯದ ಅಳತೆಗೋಲು. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿಯೇ ಇರುತ್ತದೆ. 1999ರ ಗೀತಾ ಹರಿಹರನ್ ತೀರ್ಪಿನ ನಂತರ ತಾಯಿಯನ್ನು ತಂದೆಯ ಮರಣಾನಂತರದ ಪಾಲಕಳೆಂದು ಮಾತ್ರ ನೋಡುವಂತಿಲ್ಲ.

ಗಡಿಭಾಗದ ಕುಟುಂಬಗಳಿಗೆ ಇನ್ನೊಂದು ಸಂಗತಿ ಮುಖ್ಯ. ಕೊಲ್ಹಾಪುರ, ಇಚಲಕರಂಜಿ, ಮೀರಜ ಮತ್ತು ಸಾಂಗಲಿಯೊಡನೆ ಬೀಗತನ ಇಲ್ಲಿ ಸಾಮಾನ್ಯ. ಪಾಲಕತ್ವದ ಅರ್ಜಿಯನ್ನು ಮಗು ಸಾಮಾನ್ಯವಾಗಿ ವಾಸಿಸುವ ಊರಿನ ನ್ಯಾಯಾಲಯದಲ್ಲಿ ಸಲ್ಲಿಸಬೇಕು. 2003ರ ತಿದ್ದುಪಡಿಯಂತೆ ಪತ್ನಿಯು ತಾನಿರುವ ಊರಿನಲ್ಲಿಯೇ ವೈವಾಹಿಕ ಅರ್ಜಿ ಸಲ್ಲಿಸಬಹುದು. ಹೀಗಾಗಿ ಸೊಸೆ ಮಗುವಿನೊಡನೆ ತವರಿಗೆ ಹೋಗಿ ನೆಲೆಸಿದರೆ ನಿಪ್ಪಾಣಿಯ ವ್ಯಾಪಾರಿ ಕೊಲ್ಹಾಪುರದ ನ್ಯಾಯಾಲಯಕ್ಕೆ ಅಲೆಯಬೇಕಾಗಬಹುದು. ಭೇಟಿಯ ದಿನಗಳು, ಶಾಲೆಯ ಖರ್ಚು ಮತ್ತು ರಜೆಯ ವಾಸದ ಬಗ್ಗೆ ಎರಡೂ ಮನೆಯವರು ಲಿಖಿತ ಒಪ್ಪಂದಕ್ಕೆ ಬಂದು ಅದನ್ನು ನ್ಯಾಯಾಲಯದ ಆದೇಶದಲ್ಲಿ ಸೇರಿಸಿಕೊಂಡರೆ ಮಗುವಿಗೂ ನೆಮ್ಮದಿ.

ವಿಚ್ಛೇದನದಿಂದ ಮುರಿಯುವುದು ಪತಿ-ಪತ್ನಿಯರ ಸಂಬಂಧ ಮಾತ್ರ. ಮಗು ತಾಯಿಯ ಬಳಿ ಬೆಳೆದರೂ ತಂದೆಯ ವಾರಸುದಾರನಾಗಿಯೇ ಉಳಿಯುತ್ತದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಅದರ ಹಿಸ್ಸೆಯೂ ಹೋಗುವುದಿಲ್ಲ. ಅಪ್ರಾಪ್ತ ಮಗುವಿನ ಸ್ವಂತ ಸ್ಥಿರಾಸ್ತಿಯನ್ನು ನ್ಯಾಯಾಲಯದ ಪೂರ್ವಾನುಮತಿಯಿಲ್ಲದೆ ಪಾಲಕರು ಮಾರಿದರೆ, ಮಗು ಪ್ರಾಪ್ತ ವಯಸ್ಸಿಗೆ ಬಂದ ಮೇಲೆ ಮೂರು ವರ್ಷಗಳೊಳಗೆ ಅದನ್ನು ರದ್ದುಪಡಿಸಲು ದಾವೆ ಹೂಡಬಹುದು. ಇಂಥ ಆಸ್ತಿಯನ್ನು ಕೊಳ್ಳುವ ವ್ಯಾಪಾರಿಯೂ ಎಚ್ಚರದಿಂದಿರಬೇಕು.

7. ಕೂಡಲೇ ಮಾಡಬಹುದಾದ ಕೆಲಸಗಳು

ಅ) ಪಿತ್ರಾರ್ಜಿತ, ಸ್ವಯಾರ್ಜಿತ ಮತ್ತು ಸಂಸ್ಥೆಯ ಆಸ್ತಿಗಳ ಮೂರು ಪ್ರತ್ಯೇಕ ಪಟ್ಟಿ, ಜೊತೆಗೆ ಸಾಲಗಳ ಮತ್ತು ಜಾಮೀನುಗಳ ಪಟ್ಟಿ.
ಆ) ಹಳೆಯ ವಾಟ್ನಿಯು ನೋಂದಣಿಯಾಗಿದೆಯೇ ಎಂಬ ಪರಿಶೀಲನೆ.
ಇ) ಪಾಲುದಾರಿಕೆ ಕರಾರಿನಲ್ಲಿ ಮರಣ ಮತ್ತು ನಿವೃತ್ತಿಯ ಕಲಮುಗಳು.
ಈ) ಮೃತ್ಯುಪತ್ರ, ಚಿಕ್ಕ ಮಕ್ಕಳಿದ್ದರೆ ಅದರಲ್ಲಿಯೇ ಪಾಲಕರ ಹೆಸರು.
ಉ) ಎಲ್ಲ ನಾಮನಿರ್ದೇಶನಗಳ ತಾಳೆ.
ಊ) ಗಂಡುಮಕ್ಕಳು, ಹೆಣ್ಣುಮಕ್ಕಳು ಇಬ್ಬರನ್ನೂ ಕೂರಿಸಿಕೊಂಡು ಒಮ್ಮೆ ಮುಕ್ತ ಮಾತುಕತೆ.

ಕೊನೆಯ ಕೆಲಸಕ್ಕೆ ಖರ್ಚಿಲ್ಲ. ಆದರೂ ಬಹುತೇಕ ಮನೆಗಳಲ್ಲಿ ಮುಂದಕ್ಕೆ ಹೋಗುವುದು ಅದೇ. ತಂದೆ ತನ್ನ ಬಾಯಿಂದ ಹೇಳಿ, ಕಾರಣ ತಿಳಿಸಿ, ನಂತರ ಬರೆದಿಟ್ಟ ವ್ಯವಸ್ಥೆಯನ್ನು ಮಕ್ಕಳು ಪ್ರಶ್ನಿಸುವ ಸಂಭವ ಕಡಿಮೆ. ಪ್ರತಿ ಕುಟುಂಬದ ಸ್ಥಿತಿ ಬೇರೆಯಾದ್ದರಿಂದ ದಸ್ತಾವೇಜು ಬರೆಸುವ ಮುನ್ನ ವಕೀಲರ ಮತ್ತು ಲೆಕ್ಕಪರಿಶೋಧಕರ ಸಲಹೆ ಪಡೆಯುವುದು ಸೂಕ್ತ. ಈ ವರ್ಷದ ಲೆಕ್ಕಪತ್ರಗಳಿಗೆ ಸಹಿ ಮಾಡುವ ದಿನವೇ ಮೊದಲಿನ ಮೂರು ಪಟ್ಟಿಗಳನ್ನು ಸಿದ್ಧಪಡಿಸಿದರೆ ಉಳಿದ ಕೆಲಸಗಳಿಗೆ ದಾರಿ ಸುಗಮವಾಗುತ್ತದೆ.