ಪಂಕ್ಚರಾದ ಚಕ್ರದ ಬದಲಾವಣೆ

ಪಂಕ್ಚರಾದ ಚಕ್ರದ ಬದಲಾವಣೆ ಎಂದರೆ ಗಾಳಿ ಇಳಿದುಹೋದ ಟೈರಿರುವ ಚಕ್ರವನ್ನು ವಾಹನದಿಂದ ಬಿಚ್ಚಿ, ಅದರ ಸ್ಥಾನದಲ್ಲಿ ವಾಹನದಲ್ಲಿಯೇ ಒಯ್ಯುವ ಬದಲಿ ಚಕ್ರವನ್ನು ಕೂಡಿಸುವ ಕೆಲಸ. ಆಡುಮಾತಿನಲ್ಲಿ ಇದನ್ನು ‘ಸ್ಟೆಪ್ನಿ ಹಾಕುವುದು’ ಎನ್ನುತ್ತಾರೆ. ಕಾರು, ಜೀಪುಗಳಂತಹ ಲಘು ವಾಹನಗಳಲ್ಲಿ ರೂಢಿ ಇದ್ದವರು ಇದನ್ನು ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಮುಗಿಸುತ್ತಾರೆ. ಕೆಲಸದಲ್ಲಿ ಕಷ್ಟವೇನೂ ಇಲ್ಲ. ಅಪಾಯ ಮಾತ್ರ ಇದೆ. ಆ ಅಪಾಯ ಮುಖ್ಯವಾಗಿ ಎರಡು ಬಗೆಯದು. ಒಂದು, ಹಿಂದಿನಿಂದ ಬರುವ ವಾಹನ ನಿಂತ ವಾಹನಕ್ಕೋ ಅದರ ಪಕ್ಕದಲ್ಲಿ ಕುಳಿತವರಿಗೋ ಬಡಿಯುವುದು. ಇನ್ನೊಂದು, ಎತ್ತಿ ನಿಲ್ಲಿಸಿದ ವಾಹನ ಜಾಕಿನಿಂದ ಜಾರಿ ಕೆಳಗೆ ಬೀಳುವುದು. ಮುಂದೆ ವಿವರಿಸಿರುವ ಕ್ರಮವೆಲ್ಲವೂ ಈ ಎರಡನ್ನು ತಪ್ಪಿಸುವುದಕ್ಕಾಗಿಯೇ ರೂಪುಗೊಂಡಿದೆ.

ಸ್ಟೆಪ್ನಿ ಎಂಬ ಹೆಸರು

ಗಾಳಿ ತುಂಬಿದ ಟೈರಿಗೆ ಮೊದಲು ಹಕ್ಕುಪತ್ರ ಪಡೆದವನು ಸ್ಕಾಟ್ಲೆಂಡಿನ ರಾಬರ್ಟ್ ವಿಲಿಯಂ ಥಾಮ್ಸನ್ (1845). ಆದರೆ ಅದು ಬಳಕೆಗೆ ಬರಲಿಲ್ಲ. 1888ರಲ್ಲಿ ಬೆಲ್‌ಫಾಸ್ಟ್ ನಗರದಲ್ಲಿ ಪಶುವೈದ್ಯನಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗಾಗಿ ಮಾಡಿದ ಟೈರಿನಿಂದ ಗಾಳಿಯ ಚಕ್ರದ ಯುಗ ಆರಂಭವಾಯಿತು. ಗಾಳಿ ಬಂದ ಮೇಲೆ ಪಂಕ್ಚರೂ ಬಂದಿತು. ಮೊದಮೊದಲ ಕಾರುಗಳಲ್ಲಿ ಬದಲಿ ಚಕ್ರ ಇರುತ್ತಿರಲಿಲ್ಲ. ಟೈರು ಚುಚ್ಚಿದರೆ ರಸ್ತೆಯ ಬದಿಯಲ್ಲಿಯೇ ಅದನ್ನು ಬಿಚ್ಚಿ, ಟ್ಯೂಬಿಗೆ ತೇಪೆ ಹಾಕಿ, ಕೈಪಂಪಿನಿಂದ ಗಾಳಿ ತುಂಬಬೇಕಾಗಿತ್ತು.

1904ರಲ್ಲಿ ವೇಲ್ಸಿನ ಲನೆಥ್ಲಿ ಪಟ್ಟಣದ ಡೇವಿಸ್ ಸಹೋದರರು ಒಂದು ಉಪಾಯ ಕಂಡುಹಿಡಿದರು. ಕಡ್ಡಿಗಳಿಲ್ಲದ ಬರಿಯ ರಿಮ್ಮಿಗೆ ಗಾಳಿ ತುಂಬಿದ ಟೈರನ್ನು ತೊಡಿಸಿ, ಪಂಕ್ಚರಾದ ಚಕ್ರದ ಪಕ್ಕಕ್ಕೆ ಅದನ್ನು ಹಿಡಿಕೆಗಳಿಂದ ಬಿಗಿದರೆ ಕಾರು ಮುಂದೆ ಸಾಗುತ್ತಿತ್ತು. ಅವರ ಅಂಗಡಿ ಆ ಊರಿನ ಸ್ಟೆಪ್ನಿ ಬೀದಿಯಲ್ಲಿ ಇದ್ದುದರಿಂದ ವಸ್ತುವಿಗೆ ಬೀದಿಯ ಹೆಸರೇ ನಿಂತಿತು. ಚಕ್ರವನ್ನೇ ಪೂರ್ತಿಯಾಗಿ ಬಿಚ್ಚಿ ಬದಲಾಯಿಸುವ ವಿಧಾನ ಬಂದ ಮೇಲೆ ಆ ಉಪಕರಣ ಮರೆಯಾಯಿತು. ಹೆಸರು ಮಾತ್ರ ಭಾರತದ ಬಹುತೇಕ ಭಾಷೆಗಳಲ್ಲಿ ಉಳಿದುಕೊಂಡಿತು. ಬ್ರೆಜಿಲ್ಲಿನ ಪೋರ್ಚುಗೀಸಿನಲ್ಲಿಯೂ ಬದಲಿ ಚಕ್ರಕ್ಕೆ ‘ಎಸ್ಟೆಪಿ’ ಎನ್ನುತ್ತಾರೆ. ಇಂಗ್ಲೆಂಡಿನಲ್ಲಿ ಇಂದು ಈ ಮಾತು ಹೇಳಿದರೆ ಹೆಚ್ಚಿನವರಿಗೆ ಅರ್ಥವಾಗಲಿಕ್ಕಿಲ್ಲ. ನಮ್ಮ ಹಳ್ಳಿಯ ಪಂಕ್ಚರ್ ಅಂಗಡಿಯ ಹುಡುಗನಿಗೆ ಅರ್ಥವಾಗುತ್ತದೆ.

ಬಯಲುಸೀಮೆಯಲ್ಲಿ ಪಂಕ್ಚರಿನ ಕಾರಣಗಳು

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮತ್ತು ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಸೇರಿವೆ. ಕೊಂಡ್ಲಹಳ್ಳಿಯಂತಹ ಊರುಗಳ ಸುತ್ತ ಹೊಲದ ಬದು, ಹಳ್ಳದ ದಂಡೆ, ಬೀಳುಭೂಮಿಗಳಲ್ಲಿ ಬಳ್ಳಾರಿ ಜಾಲಿ ಹೇರಳವಾಗಿ ಬೆಳೆದಿದೆ. ಅಮೆರಿಕ ಖಂಡದ ಮೂಲದ ಈ ಗಿಡ 19ನೆಯ ಶತಮಾನದಲ್ಲಿ ಭಾರತಕ್ಕೆ ಬಂದಿತು. ಸೌದೆಗೂ ಬೇಲಿಗೂ ಅದು ಉಪಯುಕ್ತ. ಟೈರಿಗೆ ಮಾತ್ರ ಶತ್ರು. ಒಣಗಿದ ಮುಳ್ಳು ಸೈಕಲ್ಲು ಮತ್ತು ಬೈಕುಗಳ ಟೈರನ್ನು ಸಲೀಸಾಗಿ ತೂರುತ್ತದೆ. ಸವೆದ ಕಾರಿನ ಟೈರನ್ನೂ ಬಿಡುವುದಿಲ್ಲ. ಸೌದೆ ಹೊರೆಯೋ ಬೇಲಿಯ ಕಂಟಿಯೋ ಸಾಗಿಸಿದ ದಾರಿಯಲ್ಲಿ ಮುಳ್ಳು ಉದುರಿರುವುದು ಸಾಮಾನ್ಯ.

ಮುಳ್ಳು ಚುಚ್ಚಿದಾಗ ಗಾಳಿ ನಿಧಾನವಾಗಿ ಇಳಿಯುತ್ತದೆ. ಇದಕ್ಕಿಂತ ಅಪಾಯಕಾರಿಯಾದುದು ಟೈರು ಓಟದಲ್ಲಿಯೇ ಸಿಡಿಯುವುದು. ಬೇಸಿಗೆಯಲ್ಲಿ ಟೈರು ಒಡೆಯುವುದಕ್ಕೆ ಗಾಳಿ ಹೆಚ್ಚಾದದ್ದೇ ಕಾರಣ ಎಂದು ಹಲವರು ನಂಬಿದ್ದಾರೆ. ವಾಸ್ತವದಲ್ಲಿ ಗಾಳಿ ಕಡಿಮೆ ಇರುವುದೇ ಹೆಚ್ಚಿನ ತೊಂದರೆಗೆ ಮೂಲ. ಗಾಳಿ ಕಡಿಮೆಯಾದ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿನಲ್ಲಿಯೂ ಮಡಚಿ ಬಿಚ್ಚುತ್ತದೆ. ಆ ಮಡಿಕೆಯಿಂದ ಒಳಗೆ ಶಾಖ ಹುಟ್ಟುತ್ತದೆ. ಶಾಖದಿಂದ ರಬ್ಬರು ಮತ್ತು ನೂಲಿನ ಪದರಗಳು ಬೇರೆಯಾಗುತ್ತವೆ. ಹೊರೆ ಹೆಚ್ಚಿದ್ದು, ವೇಗವೂ ಹೆಚ್ಚಿದ್ದು, ರಸ್ತೆ ಕಾದಿದ್ದರೆ ಕೇಳುವುದೇ ಬೇಡ. ಆದುದರಿಂದ ಬಿಸಿಲು ಜಾಸ್ತಿ ಎಂದು ಗಾಳಿ ಕಡಿಮೆ ಹಾಕಿಸುವ ರೂಢಿ ಸರಿಯಲ್ಲ. ಎಷ್ಟು ಗಾಳಿ ಬೇಕೆಂಬುದು ಸಾಮಾನ್ಯವಾಗಿ ಚಾಲಕನ ಬಾಗಿಲ ಚೌಕಟ್ಟಿಗೆ ಅಂಟಿಸಿದ ಚೀಟಿಯಲ್ಲಿ ಇರುತ್ತದೆ. ಆ ಅಳತೆ ತಣ್ಣಗಿರುವ ಟೈರಿಗೆ ಸಂಬಂಧಿಸಿದ್ದು.

ವಾಹನವನ್ನು ನಿಲ್ಲಿಸುವುದು

ಓಟದಲ್ಲಿ ಟೈರು ಒಡೆದಾಗ ಕಾಲು ತಾನಾಗಿಯೇ ಬ್ರೇಕಿನ ಕಡೆ ಹೋಗುತ್ತದೆ. ಅದನ್ನು ತಡೆಯಬೇಕು. ಮುಂದಿನ ಟೈರು ಒಡೆದಿದ್ದರೆ ವಾಹನ ಆ ಬದಿಗೆ ಎಳೆಯುತ್ತದೆ, ಹಿಂದಿನದಾದರೆ ಹಿಂಭಾಗ ತೂಗಾಡುತ್ತದೆ. ಜೋರಾಗಿ ಬ್ರೇಕು ಒತ್ತಿದರೆ ಎರಡೂ ಹೆಚ್ಚುತ್ತವೆ. ಸ್ಟಿಯರಿಂಗನ್ನು ಎರಡೂ ಕೈಗಳಿಂದ ಗಟ್ಟಿಯಾಗಿ ನೇರ ಹಿಡಿದು, ಆಕ್ಸಿಲರೇಟರಿನಿಂದ ಕಾಲನ್ನು ಮೆಲ್ಲಗೆ ತೆಗೆದು, ವೇಗ ತಾನಾಗಿ ಇಳಿದ ಮೇಲೆ ಎಡಕ್ಕೆ ಸರಿಯಬೇಕು.

ನಿಲ್ಲಿಸುವ ಸ್ಥಳದ ಆಯ್ಕೆ ಇಡೀ ಕೆಲಸದ ಅತಿ ಮುಖ್ಯ ಭಾಗ. ತಿರುವಿನಲ್ಲಿ, ಸೇತುವೆಯ ಮೇಲೆ, ಏರಿನ ನೆತ್ತಿಯ ಆಚೆ ನಿಲ್ಲಿಸಬಾರದು. ಹಿಂದಿನವರಿಗೆ ವಾಹನ ಕಾಣಿಸುವುದೇ ಇಲ್ಲ. ಚಳ್ಳಕೆರೆಯಿಂದ ಬಳ್ಳಾರಿಯ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ಬಯಲಿನಲ್ಲಿ ದೂರದವರೆಗೆ ನೇರವಾಗಿ ಕಾಣುವ ರಸ್ತೆ. ನೇರ ರಸ್ತೆ ಸುರಕ್ಷಿತವೆಂದು ತೋರುತ್ತದೆ, ಆದರೆ ಅಲ್ಲಿ ವಾಹನಗಳ ವೇಗ ಹೆಚ್ಚು. ರಾತ್ರಿ ನಿದ್ದೆಗಣ್ಣಿನ ಚಾಲಕನಿಗೆ ನಿಂತ ವಾಹನವೂ ಚಲಿಸುವ ವಾಹನವೂ ಒಂದೇ ರೀತಿ ಕಾಣಿಸಬಹುದು. ಗಾಳಿ ಇಲ್ಲದ ಟೈರಿನ ಮೇಲೆ ನಿಧಾನವಾಗಿ ಇನ್ನೂರು ಮೀಟರು ಸಾಗಿ ಹಳ್ಳಿಯ ಅಡ್ಡದಾರಿಗೋ ಪೆಟ್ರೋಲ್ ಬಂಕಿನ ಅಂಗಳಕ್ಕೋ ಸೇರಬಹುದಾದರೆ ಹಾಗೆಯೇ ಮಾಡುವುದು ಲೇಸು. ಟೈರು ಹಾಳಾಗಬಹುದು, ರಿಮ್ಮು ಬಾಗಲೂಬಹುದು. ಅವುಗಳಿಗೆ ಬೆಲೆ ಕಟ್ಟಬಹುದು.

ಸುರಕ್ಷಿತ ಸ್ಥಳ ಸಿಗದಿದ್ದರೆ ಚಕ್ರ ಬದಲಾಯಿಸುವ ಸಾಹಸಕ್ಕೆ ಹೋಗದೆ, ಎಲ್ಲರೂ ಇಳಿದು ರಸ್ತೆಯಿಂದ ದೂರ ನಿಂತು ಸಹಾಯಕ್ಕೆ ಕರೆಯಬೇಕು. ರಾಷ್ಟ್ರೀಯ ಹೆದ್ದಾರಿಗಳ ಸಹಾಯವಾಣಿ 1033. ತುರ್ತು ಸೇವೆಗೆ 112.

ಎಚ್ಚರಿಕೆಯ ಗುರುತು

ನಾಲ್ಕೂ ಮೂಲೆಯ ದೀಪಗಳು ಮಿನುಗುವ ಹಜಾರ್ಡ್ ಸ್ವಿಚ್ಚನ್ನು ವಾಹನ ನಿಲ್ಲುವ ಮೊದಲೇ ಹಾಕಬೇಕು. ಪ್ರಯಾಣಿಕರನ್ನು ರಸ್ತೆಯ ಕಡೆಯ ಬಾಗಿಲಿನಿಂದ ಇಳಿಸದೆ ಎಡಬದಿಯಿಂದ ಇಳಿಸಿ, ಮಕ್ಕಳನ್ನು ಒಬ್ಬರ ಸುಪರ್ದಿಗೆ ಕೊಟ್ಟು ದೂರ ನಿಲ್ಲಿಸಬೇಕು. ಕೆಂಪು ಪ್ರತಿಫಲಕವಿರುವ ಎಚ್ಚರಿಕೆಯ ತ್ರಿಕೋನವನ್ನು ವಾಹನದ ಹಿಂದೆ ಇಡಬೇಕು. ಇದನ್ನು ಡಿಕ್ಕಿಯ ಹಿಂದೆ ನಾಲ್ಕು ಹೆಜ್ಜೆ ದೂರದಲ್ಲಿ ಇಡುವವರನ್ನು ಕಾಣುತ್ತೇವೆ, ಅದರಿಂದ ಪ್ರಯೋಜನವಿಲ್ಲ. ಗಂಟೆಗೆ 80 ಕಿ.ಮೀ. ವೇಗದ ವಾಹನ ಒಂದು ಸೆಕೆಂಡಿಗೆ 22 ಮೀಟರಿಗೂ ಹೆಚ್ಚು ಸಾಗುತ್ತದೆ. ಚಾಲಕ ಕಂಡು, ಗ್ರಹಿಸಿ, ಬ್ರೇಕಿನ ಮೇಲೆ ಕಾಲಿಡುವಷ್ಟರಲ್ಲಿಯೇ ಮೂವತ್ತು ನಾಲ್ವತ್ತು ಮೀಟರು ಕಳೆದಿರುತ್ತದೆ. ಆದುದರಿಂದ ಕನಿಷ್ಠ 50 ಮೀಟರು, ಹೆದ್ದಾರಿಯಲ್ಲಿ ಇನ್ನೂ ಹೆಚ್ಚು ದೂರ ಬೇಕು. ಇಡಲು ಹೋಗುವಾಗ ತ್ರಿಕೋನವನ್ನು ಎದೆಯ ಮುಂದೆ ಹಿಡಿದು, ರಸ್ತೆಯ ಅಂಚಿನ ಮಣ್ಣಿನಲ್ಲಿ, ಬರುವ ವಾಹನಗಳ ಕಡೆಗೆ ಮುಖಮಾಡಿ ನಡೆಯಬೇಕು.

ತ್ರಿಕೋನ ಇಲ್ಲದವರು ಗಿಡದ ಕೊಂಬೆಗಳನ್ನೂ ಕಲ್ಲುಗಳನ್ನೂ ರಸ್ತೆಯಲ್ಲಿ ಇಡುವುದು ನಮ್ಮಲ್ಲಿ ಬಹಳ ಹಿಂದಿನಿಂದ ನಡೆದುಬಂದ ಪದ್ಧತಿ. ಹಗಲಿನಲ್ಲಿ ಹಸಿರು ಕೊಂಬೆ ಸ್ವಲ್ಪಮಟ್ಟಿಗೆ ಕೆಲಸ ಮಾಡುತ್ತದೆ. ಕಲ್ಲು ಮಾತ್ರ ಸರ್ವಥಾ ಕೂಡದು. ಚಕ್ರ ಹಾಕಿದ ಸಂತೋಷದಲ್ಲಿ ಕಲ್ಲುಗಳನ್ನು ಅಲ್ಲಿಯೇ ಬಿಟ್ಟು ಹೋಗುವವರೇ ಹೆಚ್ಚು. ವಾಹನ ಹೋದ ಮೇಲೆ, ಕತ್ತಲಲ್ಲಿ, ಡಾಂಬರಿನ ಮೇಲೆ ಉಳಿದ ತಲೆಗಾತ್ರದ ಕಲ್ಲು ಬೈಕಿನಲ್ಲಿ ಬರುವವನ ಪ್ರಾಣ ತೆಗೆಯಬಲ್ಲದು. ಚಕ್ರಕ್ಕೆ ಒತ್ತು ಕೊಡಲು ತಂದ ಕಲ್ಲುಗಳಿಗೂ ಈ ಮಾತು ಅನ್ವಯಿಸುತ್ತದೆ.

ಬಿಚ್ಚುವ ಮತ್ತು ಕೂಡಿಸುವ ಕ್ರಮ

ಬೇಕಾದ ಸಾಮಗ್ರಿ ಜಾಕ್, ಚಕ್ರದ ನಟ್ಟುಗಳಿಗೆ ಹೊಂದುವ ಸ್ಪ್ಯಾನರ್, ಗಾಳಿ ಇರುವ ಸ್ಟೆಪ್ನಿ. ಇವಲ್ಲದೆ ಒಂದು ಅಡಿ ಅಗಲದ ಗಟ್ಟಿ ಹಲಗೆಯ ತುಂಡು, ಟಾರ್ಚು, ಹಳೆಯ ಗೋಣಿಚೀಲ ಇದ್ದರೆ ಅನುಕೂಲ.

ಮೊದಲು ಹ್ಯಾಂಡ್ ಬ್ರೇಕ್ ಎಳೆದು, ವಾಹನವನ್ನು ಮೊದಲನೆಯ ಗೇರಿನಲ್ಲೋ ರಿವರ್ಸಿನಲ್ಲೋ ಇಟ್ಟು ಎಂಜಿನ್ ನಿಲ್ಲಿಸಬೇಕು. ಇಷ್ಟರಿಂದ ವಾಹನ ಕದಲದು ಎಂದು ಭಾವಿಸುವುದು ತಪ್ಪು. ಹೆಚ್ಚಿನ ಕಾರುಗಳಲ್ಲಿ ಹ್ಯಾಂಡ್ ಬ್ರೇಕ್ ಹಿಂದಿನ ಎರಡು ಚಕ್ರಗಳನ್ನು ಮಾತ್ರ ಹಿಡಿಯುತ್ತದೆ. ಅವುಗಳಲ್ಲಿ ಒಂದನ್ನು ಎತ್ತಿದರೆ ಹಿಡಿತ ಅರ್ಧವಾಗುತ್ತದೆ. ಗೇರಿನ ಹಿಡಿತ ಎಂಜಿನ್ನಿನ ಬಲ ಹೋಗುವ ಚಕ್ರಗಳಿಗೆ ಮಾತ್ರ. ಆ ಜೋಡಿಯಲ್ಲಿ ಒಂದು ಗಾಳಿಯಲ್ಲಿದ್ದರೆ ಅದು ಸ್ವತಂತ್ರವಾಗಿ ತಿರುಗುತ್ತ ನೆಲದ ಮೇಲಿನ ಚಕ್ರವೂ ಉರುಳಲು ಎಡೆಮಾಡಿಕೊಡುತ್ತದೆ. ಆದುದರಿಂದ ಪಂಕ್ಚರಾದ ಚಕ್ರಕ್ಕೆ ಮೂಲೆಯಿಂದ ಮೂಲೆಗೆ ಎದುರಾಗಿರುವ ಚಕ್ರದ ಮುಂದೆಯೂ ಹಿಂದೆಯೂ ಕಲ್ಲಿನ ಒತ್ತು ಕೊಡಲೇಬೇಕು. ಇಳಿಜಾರಿನಲ್ಲಿ ಜಾಕ್ ಹಾಕಬಾರದು.

ನಟ್ಟುಗಳನ್ನು ಸಡಿಲಿಸುವ ಕೆಲಸ ಚಕ್ರ ನೆಲದ ಮೇಲಿರುವಾಗಲೇ ಆಗಬೇಕು. ಎತ್ತಿದ ಮೇಲೆ ಸಡಿಲಿಸಲು ಹೋದರೆ ಚಕ್ರ ತಿರುಗುತ್ತದೆ, ನಾವು ಹಾಕುವ ಬಲವೆಲ್ಲ ವಾಹನವನ್ನು ಜಾಕಿನಿಂದ ತಳ್ಳುವುದಕ್ಕೆ ಹೋಗುತ್ತದೆ. ಸ್ಪ್ಯಾನರನ್ನು ನಟ್ಟಿಗೆ ಪೂರ್ತಿ ಕೂಡಿಸಿ, ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ಒಂದೊಂದನ್ನೂ ಅರ್ಧ ಸುತ್ತು ಸಡಿಲಿಸಿ ಬಿಡಬೇಕು, ಪೂರ್ತಿ ಬಿಚ್ಚಬಾರದು. ಯಂತ್ರದಿಂದ ಬಿಗಿದ ನಟ್ಟು ಕೈಗೆ ಬಗ್ಗದಿದ್ದರೆ ಹಿಡಿಕೆಯನ್ನು ಎಡಕ್ಕೆ ಅಡ್ಡವಾಗಿ ನಿಲ್ಲಿಸಿ ಅದರ ತುದಿಯನ್ನು ಕಾಲಿನಿಂದ ಕೆಳಕ್ಕೆ ಸ್ಥಿರವಾಗಿ ಒತ್ತಬಹುದು. ಹತ್ತಿ ಕುಣಿಯುವುದು ಬೇಡ.

ಜಾಕನ್ನು ಕೈಪಿಡಿಯಲ್ಲಿ ತೋರಿಸಿದ ಸ್ಥಳದಲ್ಲಿಯೇ ಇಡಬೇಕು. ಕಾರುಗಳಲ್ಲಿ ಅದು ಬಾಗಿಲುಗಳ ಕೆಳಗಿನ ಅಂಚಿನಲ್ಲಿ, ಚಕ್ರಕ್ಕೆ ಸಮೀಪದಲ್ಲಿ, ಕಚ್ಚು ಅಥವಾ ಗುರುತಿನಿಂದ ತಿಳಿಯುತ್ತದೆ. ಬೇರೆಡೆ ಇಟ್ಟರೆ ತಗಡು ಕುಸಿಯುತ್ತದೆ. ಮಣ್ಣಿನ ನೆಲವಾದರೆ ಜಾಕಿನ ಅಡಿಯಲ್ಲಿ ಹಲಗೆ ಬೇಕು. ಹೊಲದ ಮಗ್ಗುಲಿನ ಸಡಿಲ ಮಣ್ಣು ಗಟ್ಟಿಯಾಗಿ ಕಂಡರೂ ಭಾರ ಬಿದ್ದೊಡನೆ ಒಂದು ಕಡೆಗೆ ಕುಸಿದು ಜಾಕ್ ಓರೆಯಾಗುತ್ತದೆ. ಎತ್ತರ ಸಾಲದೆಂದು ಇಟ್ಟಿಗೆಯನ್ನೋ ದುಂಡುಗಲ್ಲನ್ನೋ ಜಾಕಿಗೆ ಪೀಠವಾಗಿ ಇಡಕೂಡದು.

ವಾಹನ ಸ್ವಲ್ಪ ಮೇಲೆದ್ದ ಕೂಡಲೇ ಸ್ಟೆಪ್ನಿಯನ್ನು ಜಾಕಿನ ಪಕ್ಕದಲ್ಲಿ ವಾಹನದ ಅಂಚಿನ ಅಡಿಗೆ ಮಲಗಿಸಬೇಕು. ಜಾಕ್ ಜಾರಿದರೆ ಅಂಚು ಟೈರಿನ ಮೇಲೆ ಕೂರುತ್ತದೆ, ಕೈಯೋ ಕಾಲೋ ಉಳಿಯುತ್ತದೆ. ಹಳೆಯ ಚಕ್ರ ಹೊರಗೆ ಬಂದ ಮೇಲೆ ಎರಡನ್ನೂ ಅದಲುಬದಲು ಮಾಡಬೇಕು. ಜಾಕಿನ ಮೇಲಿರುವ ವಾಹನದ ಕೆಳಗೆ ದೇಹದ ಯಾವ ಭಾಗವೂ ಹೋಗಬಾರದು; ಉರುಳಿದ ನಟ್ಟನ್ನು ಕೋಲಿನಿಂದ ಎಳೆದುಕೊಳ್ಳಬೇಕು. ಬಿಚ್ಚಿದ ನಟ್ಟುಗಳನ್ನು ಮಣ್ಣಿಗೆ ಹಾಕದೆ ಗೋಣಿಚೀಲದ ಮೇಲೆ ಇಡುವುದು ಒಳ್ಳೆಯದು. ಒಂದು ನಟ್ಟು ಕಳೆದುಹೋದರೆ ಉಳಿದ ಮೂರು ಚಕ್ರಗಳಿಂದ ಒಂದೊಂದು ತೆಗೆದು ಹಂಚಿಕೊಳ್ಳುವ ಉಪಾಯವನ್ನು ಕೆಲವರು ಹೇಳುತ್ತಾರೆ. ಒಂದೇ ಕಳೆದಿದ್ದರೆ ಅದರ ಅಗತ್ಯವಿಲ್ಲ. ಉಳಿದವನ್ನು ಬಿಗಿದು, ಹತ್ತಿರದ ಗ್ಯಾರೇಜಿಗೆ ಬಹಳ ನಿಧಾನವಾಗಿ ಹೋಗಬೇಕು.

ಸ್ಟೆಪ್ನಿಯನ್ನು ಬೋಲ್ಟುಗಳಿಗೆ ಕೂಡಿಸಿ, ನಟ್ಟುಗಳ ಇಳಿಜಾರು ಬದಿ ಒಳಮುಖವಾಗಿರುವಂತೆ ಕೈಯಿಂದಲೇ ತಿರುಗಿಸಬೇಕು. ಮರೆಗಳಿಗೆ ಎಣ್ಣೆ, ಗ್ರೀಸು ಹಚ್ಚಬಾರದು. ಚಕ್ರ ನೆಲ ಮುಟ್ಟುವಂತೆ ಇಳಿಸಿದ ಮೇಲೆ ಒಂದಾದ ಮೇಲೆ ಪಕ್ಕದ್ದನ್ನಲ್ಲ, ಎದುರಿನದನ್ನು ಬಿಗಿಯುತ್ತ ಹೋಗಬೇಕು. ಐದು ನಟ್ಟುಗಳಾದರೆ ಮಕ್ಕಳು ಗೆರೆ ಎತ್ತದೆ ನಕ್ಷತ್ರ ಬರೆಯುವ ಕ್ರಮ. ಹಾಗೆ ಮಾಡದಿದ್ದರೆ ಚಕ್ರ ಓರೆಯಾಗಿ ಕೂರುತ್ತದೆ. ಎಷ್ಟು ಬಿಗಿಯಬೇಕು ಎಂಬುದಕ್ಕೆ ಕೈಪಿಡಿಯೇ ಪ್ರಮಾಣ. ಹಲವು ಕಾರುಗಳಿಗೆ ಅದು 100 ನ್ಯೂಟನ್ ಮೀಟರಿನ ಆಸುಪಾಸಿನಲ್ಲಿ ಇರುತ್ತದೆ. ಕಾಲು ಮೀಟರು ಉದ್ದದ ಹಿಡಿಕೆಯ ತುದಿಗೆ ಸುಮಾರು 40 ಕಿಲೋ ತೂಕ ಹಾಕಿದಷ್ಟು ಬಲ ಅದು. ಕಾಲಿನಿಂದ ತುಳಿದು ಬಿಗಿದರೆ ಬೋಲ್ಟು ತುಂಡಾಗಬಹುದು.

ಬದಲಾವಣೆಯ ನಂತರ

ತ್ರಿಕೋನ, ಹಲಗೆ, ಒತ್ತುಗಲ್ಲು ಎಲ್ಲವನ್ನೂ ರಸ್ತೆಯಿಂದ ತೆಗೆದು ಹೊರಡಬೇಕು. ಐವತ್ತು ಕಿ.ಮೀ. ಒಳಗೆ ನಟ್ಟುಗಳ ಬಿಗಿತವನ್ನು ಮತ್ತೊಮ್ಮೆ ನೋಡುವುದು ಅವಶ್ಯ. ಕೆಲವು ಕಾರುಗಳ ಸ್ಟೆಪ್ನಿ ಉಳಿದ ಚಕ್ರಗಳಿಗಿಂತ ಕಿರಿದಾಗಿದ್ದು, ಅದರ ಮೇಲೆ ಸಾಮಾನ್ಯವಾಗಿ 80 ಕಿ.ಮೀ. ವೇಗದ ಮಿತಿ ಬರೆದಿರುತ್ತದೆ. ಅದು ಪಂಕ್ಚರ್ ಅಂಗಡಿ ತಲಪುವವರೆಗಿನ ಚಕ್ರ, ತಿಂಗಳುಗಟ್ಟಲೆ ಓಡಿಸುವುದಕ್ಕಲ್ಲ.

ಸ್ಟೆಪ್ನಿಯಲ್ಲಿಯೇ ಗಾಳಿ ಇಲ್ಲದಿರುವುದು ಅತಿ ಸಾಮಾನ್ಯವಾದ ವೈಫಲ್ಯ. ನಾಲ್ಕು ಚಕ್ರಗಳಿಗೆ ಗಾಳಿ ಹಾಕಿಸುವಾಗ ಐದನೆಯದನ್ನು ತೆಗೆಯಲು ಸಾಮಾನು ಇಳಿಸಬೇಕಲ್ಲ ಎಂಬ ಬೇಸರವೇ ಇದಕ್ಕೆ ಕಾರಣ. ಸ್ಟೆಪ್ನಿಗೂ ವಯಸ್ಸಾಗುತ್ತದೆ. ಟೈರಿನ ಪಕ್ಕದಲ್ಲಿ ಒತ್ತಿದ ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ವಾರವನ್ನೂ ಕೊನೆಯ ಎರಡು ವರ್ಷವನ್ನೂ ಸೂಚಿಸುತ್ತವೆ: 2319 ಎಂದರೆ 2019ರ 23ನೆಯ ವಾರ. ಒಮ್ಮೆಯೂ ನೆಲ ಕಾಣದ ಟೈರೂ ಹತ್ತು ವರ್ಷಗಳಲ್ಲಿ ಬಿರುಕು ಬಿಟ್ಟಿರಬಹುದು.

ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡ ತಿಳಿಸುವ ವ್ಯವಸ್ಥೆ ಮತ್ತು ದುರಸ್ತಿಯ ಸಾಮಗ್ರಿ ಇರುವ ಸಣ್ಣ ವಾಹನಗಳು ಸ್ಟೆಪ್ನಿ ಇಲ್ಲದೆಯೂ ಇರಬಹುದೆಂದು ಕೇಂದ್ರ ಸರ್ಕಾರ 2020ರಲ್ಲಿ ನಿಯಮ ತಿದ್ದಿತು. ಟ್ಯೂಬ್‌ಲೆಸ್ ಟೈರಿನಲ್ಲಿ ಮೊಳೆಯೋ ಮುಳ್ಳೋ ಚುಚ್ಚಿದ್ದರೆ ಅಂಗಡಿ ತಲಪುವವರೆಗೆ ಅದನ್ನು ಕೀಳದಿರುವುದೇ ಒಳ್ಳೆಯದು. ಚುಚ್ಚಿದ ವಸ್ತುವೇ ರಂಧ್ರವನ್ನು ಬಹುಮಟ್ಟಿಗೆ ಮುಚ್ಚಿರುತ್ತದೆ. ಆದರೆ ಅಂಗಡಿಗಳು ದೂರದೂರಕ್ಕೆ ಇರುವ, ಸಂಜೆಯ ನಂತರ ಮುಚ್ಚುವ ನಮ್ಮ ಸೀಮೆಯಲ್ಲಿ ಸ್ಟೆಪ್ನಿ ಇಲ್ಲದ ವಾಹನ ಅಷ್ಟು ಸೂಕ್ತವಲ್ಲ.

ಇತರ ವಾಹನಗಳು

ಬಜಾಜ್ ಚೇತಕ್‌ನಂತಹ ಹಳೆಯ ಸ್ಕೂಟರುಗಳಲ್ಲಿಯೂ ಸ್ಟೆಪ್ನಿ ಇತ್ತು. ಅವುಗಳ ರಿಮ್ಮು ಎರಡು ಅರೆಗಳಾಗಿದ್ದು, ಅವನ್ನು ಕೂಡಿಸುವ ನಟ್ಟುಗಳೇ ಬೇರೆ, ಚಕ್ರವನ್ನು ಹಿಡಿಯುವ ನಟ್ಟುಗಳೇ ಬೇರೆ. ಗಾಳಿ ಇರುವಾಗ ಮೊದಲನೆಯವನ್ನು ಬಿಚ್ಚಿದರೆ ರಿಮ್ಮಿನ ಅರೆ ಸಿಡಿದು ಬರುತ್ತದೆ.

ಶೇಂಗಾ, ಹುಲ್ಲು, ಕಲ್ಲು ಹೊರುವ ಲಾರಿಗಳಲ್ಲಿ ಈ ಅಪಾಯ ಹಲವು ಪಟ್ಟು. ಅವುಗಳ ರಿಮ್ಮಿನ ಅಂಚಿನಲ್ಲಿ ಟೈರನ್ನು ಹಿಡಿದಿಡುವ ಉಕ್ಕಿನ ಬಳೆ ಸರಿಯಾಗಿ ಕೂರದೆ ಇದ್ದರೆ ಗಾಳಿ ತುಂಬುವಾಗ ಗುಂಡಿನಂತೆ ಹಾರಬಲ್ಲದು. ಈ ಕೆಲಸವನ್ನು ಕಬ್ಬಿಣದ ಪಂಜರ ಇರುವ ಅಂಗಡಿಯಲ್ಲಿಯೇ ಮಾಡಿಸಬೇಕು. ಪಂಜರ ಇಲ್ಲದ ಕಡೆ ಚಕ್ರದ ಎದುರು ನಿಲ್ಲಬಾರದು. ಟ್ರಾಕ್ಟರಿನ ಹಿಂದಿನ ಟೈರಿನೊಳಗೆ ಹಿಡಿತಕ್ಕಾಗಿ ನೀರು ತುಂಬಿಸಿರುವುದುಂಟು. ಆಗ ಚಕ್ರದ ತೂಕ ಹಲವು ನೂರು ಕಿಲೋ ಆಗಿರುವುದರಿಂದ ಹೊಲದಲ್ಲಿ ಒಬ್ಬಿಬ್ಬರು ಸೇರಿ ಅದನ್ನು ಇಳಿಸಲು ಹೋಗಬಾರದು. ಟ್ರೇಲರನ್ನು ಕಳಚಿ, ಸಾಧನಗಳಿರುವ ಮೆಕ್ಯಾನಿಕನನ್ನು ಸ್ಥಳಕ್ಕೆ ಕರೆಸಿಕೊಳ್ಳಬೇಕು.