ಯಾವ ಲಿನಕ್ಸ್ ನಮಗೆ ತಕ್ಕುದು?

ಹಾಸನ ಜಿಲ್ಲೆಯ ಗೊರೂರಿನ ಬಳಿ ಹೇಮಾವತಿ ನದಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು. ಅಲ್ಲಿ ನಿಂತ ನೀರೆಲ್ಲ ಒಂದೇ ನದಿಯದು. ಆದರೆ ಅದು ಹೊಲಗದ್ದೆಗಳನ್ನು ಸೇರುವುದು ಎಡದಂಡೆ, ಬಲದಂಡೆ, ಬಲ ಮೇಲ್ದಂಡೆ ಎಂಬ ಬೇರೆ ಬೇರೆ ನಾಲೆಗಳ ಮೂಲಕ. ಇವುಗಳಲ್ಲಿ ಯಾವುದು ಶ್ರೇಷ್ಠವೆಂದು ರೈತನು ಕೇಳುವುದಿಲ್ಲ. ತನ್ನ ಹೊಲಕ್ಕೆ ಯಾವುದರ ನೀರು ಹತ್ತುತ್ತದೆ ಎಂದು ಕೇಳುತ್ತಾನೆ.

ಲಿನಕ್ಸನ್ನು ಆರಿಸುವಾಗಲೂ ನಮಗೆ ಇದೇ ವಿವೇಕ ಬೇಕು. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಬರೆಯತೊಡಗಿದ ಲಿನಕ್ಸ್ ವಾಸ್ತವವಾಗಿ ಕರ್ನೆಲ್ ಎಂಬ ತಿರುಳು ಮಾತ್ರ. ಊರಿನ ನೀರುಗಂಟಿ ಸರದಿಯಂತೆ ಗದ್ದೆಗಳಿಗೆ ನೀರು ಬಿಡುವ ಹಾಗೆ, ಗಣಕದ ಸ್ಮೃತಿಯನ್ನೂ ಸಂಸ್ಕಾರಕದ ಕಾಲವನ್ನೂ ತಂತ್ರಾಂಶಗಳಿಗೆ ಹಂಚುವುದು ಅದರ ಮುಖ್ಯ ಕೆಲಸ. ಇಷ್ಟರಿಂದಲೇ ನಾವು ಪತ್ರ ಬರೆಯಲಾರೆವು, ಚಿತ್ರ ನೋಡಲಾರೆವು. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯ ಉಪಕರಣಗಳು, ಪರದೆಯ ವಿನ್ಯಾಸ, ಬ್ರೌಸರ್, ಅಕ್ಷರರೂಪಗಳು ಅದರೊಡನೆ ಕೂಡಬೇಕು. ಹೀಗೆ ಕೂಡಿಸಿ ಕಟ್ಟಿದ ಗಂಟಿಗೆ ‘ವಿತರಣೆ’ ಎಂದು ಹೆಸರು. 1993ರ ಡೆಬಿಯನ್, 2003ರ ಫೆಡೋರಾ, 2004ರ ಉಬುಂಟು, 2006ರ ಲಿನಕ್ಸ್ ಮಿಂಟ್, ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆ ಸಿದ್ಧಪಡಿಸಿದ ಬಾಸ್ ಇವೆಲ್ಲವೂ ಅಂಥ ವಿತರಣೆಗಳೇ.

ಈ ಆಯ್ಕೆ ಇಂದು ಅನೇಕ ಮನೆಗಳ ಪ್ರಶ್ನೆಯಾಗಿದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11 ಟಿಪಿಎಂ 2.0 ಎಂಬ ಸುರಕ್ಷಾ ಅಂಗವನ್ನು ಬೇಡುತ್ತದೆ. ಹಳೆಯ ಗಣಕಗಳು ಹಲವಕ್ಕೆ ಅದು ಇಲ್ಲ. ಅಣ್ಣನೋ ಅಕ್ಕನೋ ಬಳಸಿ ಬಿಟ್ಟ ಲ್ಯಾಪ್‌ಟಾಪೊಂದೇ ವಿದ್ಯಾರ್ಥಿಗೆ ಆಧಾರವಾಗಿರುವಲ್ಲಿ, ಕೆಡದ ಯಂತ್ರವನ್ನು ಗುಜರಿಗೆ ಹಾಕಬೇಕೆ? ಹಾಕಬೇಕಾಗಿಲ್ಲ. ಆದರೆ ನಾಲ್ಕು ಪ್ರಶ್ನೆಗಳನ್ನು ನಮಗೆ ನಾವೇ ಕೇಳಿಕೊಳ್ಳಬೇಕು.

ಮೊದಲನೆಯದು ಯಂತ್ರದ ಶಕ್ತಿ. ರ‍್ಯಾಮ್ 8 ಜಿಬಿ ಇದ್ದರೆ ಉಬುಂಟು, ಫೆಡೋರಾ ಮುಂತಾದವು ಸಲೀಸಾಗಿ ನಡೆಯುತ್ತವೆ. 4 ಜಿಬಿ ಮಾತ್ರವಿದ್ದರೆ ಎಕ್ಸ್‌ಎಫ್‌ಸಿಇ ಎಂಬ ಹಗುರ ಪರದೆಯುಳ್ಳ ಲಿನಕ್ಸ್ ಮಿಂಟ್ ಅಥವಾ ಕ್ಸುಬುಂಟು ಲೇಸು. ಯಂತ್ರವು 32 ಬಿಟ್ಟಿನದೋ 64 ಬಿಟ್ಟಿನದೋ ಎಂಬುದನ್ನೂ ನೋಡಿಕೊಳ್ಳಬೇಕು. 2025ರಲ್ಲಿ ಬಂದ ಡೆಬಿಯನ್ 13ನ್ನು ಹಳೆಯ 32 ಬಿಟ್ ಪೀಸಿಗಳಲ್ಲಿ ಹೊಸದಾಗಿ ಸ್ಥಾಪಿಸಲು ಬಾರದು.

ಎರಡನೆಯದು ಬಾಳಿಕೆ. ಉಬುಂಟುವಿನ ದೀರ್ಘಾವಧಿ ಆವೃತ್ತಿಗಳು ಎರಡು ವರ್ಷಕ್ಕೊಮ್ಮೆ ಬರುತ್ತವೆ. ಅವುಗಳಿಗೆ 5 ವರ್ಷ ಸುರಕ್ಷಾ ಪರಿಷ್ಕರಣೆ ದೊರೆಯುತ್ತದೆ. ಅದರ ಮಧ್ಯಂತರ ಆವೃತ್ತಿಗಳಿಗೆ 9 ತಿಂಗಳು ಮಾತ್ರ. ಫೆಡೋರಾದ ಪ್ರತಿ ಆವೃತ್ತಿಗೆ ಸುಮಾರು 13 ತಿಂಗಳು. ಹೊಸತನ್ನು ಬೇಗನೆ ಕಾಣಬಯಸುವವರಿಗೆ ಫೆಡೋರಾ ಸೊಗಸು. ಇಂಟರ್‌ನೆಟ್ ಸಂಪರ್ಕ ದುರ್ಬಲವಾಗಿರುವ ಊರಿನಲ್ಲಿ ಪರೀಕ್ಷೆಗೆ ಓದುವವರಿಗೆ ದೀರ್ಘಾವಧಿಯದೇ ಕ್ಷೇಮ.

ಮೂರನೆಯದು ಕನ್ನಡ. ಯೂನಿಕೋಡ್ ಕನ್ನಡವನ್ನು ತೋರಿಸುವ ಲೋಹಿತ್ ಮೊದಲಾದ ಅಕ್ಷರರೂಪಗಳೂ, ಕಗಪ ಕೀಲಿಮಣೆಯೂ ಮುಖ್ಯ ವಿತರಣೆಗಳಲ್ಲೆಲ್ಲ ಸಿಗುತ್ತವೆ. ಆದರೆ ಯೂನಿಕೋಡಿಗೆ ಹಿಂದಿನ ಸಂಕೇತಗಳಲ್ಲಿ ಬೆರಳಚ್ಚಾದ ನುಡಿ, ಬರಹ ಕಡತಗಳು ಮನೆಯಲ್ಲಿದ್ದರೆ, ಅವನ್ನು ಮೊದಲೇ ಯೂನಿಕೋಡಿಗೆ ಪರಿವರ್ತಿಸಿಕೊಳ್ಳುವುದು ಒಳಿತು. ಇಲ್ಲವಾದರೆ ಅಕ್ಷರಗಳು ಅರ್ಥವಿಲ್ಲದ ಗುರುತುಗಳಾಗಿ ಕಾಣಬಹುದು.

ನಾಲ್ಕನೆಯದು ಕೆಲಸ ಮತ್ತು ನೆರವು. ಕೇರಳದ ಉದಾಹರಣೆಯನ್ನು ನೋಡೋಣ. ಅಲ್ಲಿಯ ಕೈಟ್ ಸಂಸ್ಥೆಯು ಉಬುಂಟುವನ್ನು ತಳಹದಿಯಾಗಿಟ್ಟುಕೊಂಡು ಶಾಲೆಗಳಿಗೆಂದೇ ಒಂದು ವಿತರಣೆಯನ್ನು ರೂಪಿಸಿದೆ. ಜಿಯೋಜಿಬ್ರಾ, ಸ್ಕ್ರ್ಯಾಚ್, ಜಿಂಪ್ ಮೊದಲಾದ ಪಾಠೋಪಯೋಗಿ ತಂತ್ರಾಂಶಗಳು ಅದರಲ್ಲಿವೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಈ ಏರ್ಪಾಡಿಗೆ ಸೇರಿದವರು. ಅದರ ಗುಣ ಹೊಸತನದಲ್ಲಿಲ್ಲ. ಶಿಕ್ಷಕರೂ ವಿದ್ಯಾರ್ಥಿಗಳೂ ಒಂದನ್ನೇ ಬಳಸುವುದರಿಂದ ಒಬ್ಬರಿಗೆ ತಿಳಿಯದುದನ್ನು ಮತ್ತೊಬ್ಬರು ಹೇಳಿಕೊಡಬಲ್ಲರು. ನಮ್ಮ ಗೆಳೆಯರೋ ಅಧ್ಯಾಪಕರೋ ಯಾವುದನ್ನು ಬಲ್ಲರೋ ಅದರಿಂದಲೇ ನಾವೂ ಆರಂಭಿಸುವುದು ಜಾಣತನ. ಆದರೆ ವಿಂಡೋಸಿನಲ್ಲಿ ಮಾತ್ರ ನಡೆಯುವ ತಂತ್ರಾಂಶವೊಂದು ಓದಿಗೆ ಅನಿವಾರ್ಯವಾಗಿದ್ದರೆ, ಅದಕ್ಕೆ ಬದಲಿ ಉಂಟೇ ಎಂದು ಮುಂಚೆಯೇ ವಿಚಾರಿಸಬೇಕು.

ಇಷ್ಟಾದ ಮೇಲೂ ಸಂದೇಹ ಉಳಿಯುವುದು ಸಹಜ. ಅದಕ್ಕೆ ಪ್ರಯೋಗವೇ ಪರಿಹಾರ. 8 ಜಿಬಿಯ ಪೆನ್‌ಡ್ರೈವಿನಲ್ಲಿ ವಿತರಣೆಯನ್ನು ಬರೆದು, ಅದರಿಂದಲೇ ಗಣಕವನ್ನು ಆರಂಭಿಸಿದರೆ, ಒಳಗಿನ ಡಿಸ್ಕನ್ನು ಮುಟ್ಟದೆ ಎಲ್ಲವನ್ನೂ ಪರೀಕ್ಷಿಸಬಹುದು. ವೈಫೈ ಹಿಡಿಯಿತೇ, ಧ್ವನಿ ಬಂದಿತೇ, ಕನ್ನಡದ ಒತ್ತಕ್ಷರಗಳು ಸರಿಯಾಗಿ ಮೂಡಿದವೇ ಎಂದು ನೋಡಿರಿ. ಒಪ್ಪಿಗೆಯಾದರೆ ನಿಮ್ಮ ಕಡತಗಳನ್ನೆಲ್ಲ ಬೇರೆಡೆ ನಕಲು ಮಾಡಿಟ್ಟು ಅನಂತರ ಸ್ಥಾಪಿಸಿರಿ. ಒಪ್ಪದಿದ್ದರೆ ಅದೇ ಪೆನ್‌ಡ್ರೈವಿನಲ್ಲಿ ಇನ್ನೊಂದನ್ನು ಬರೆದು ನೋಡಿರಿ. ಖರ್ಚಾಗುವುದು ಒಂದು ಸಂಜೆ. ಉಳಿಯುವುದು ಇನ್ನೂ ಹಲವು ವರ್ಷ ದುಡಿಯಬಲ್ಲ ಒಂದು ಯಂತ್ರ.