ಏಜ್ ಆಫ್ ಎಂಪೈರ್ಸ್: ದಂಡಿಗೆ ಅಪ್ಪಣೆ ಕೊಡುವ ಬಗೆ

ಇಪ್ಪತ್ತು ಬಿಲ್ಲುಗಾರರ ಪಡೆಯೊಂದನ್ನು ಗಡಿಯಲ್ಲಿ ನಿಲ್ಲಿಸಿ ಆಟಗಾರ ತನ್ನ ಊರಿನ ಹೊಲಗಳತ್ತ ಗಮನ ಹರಿಸುತ್ತಾನೆ. ಆ ವೇಳೆಗೆ ಶತ್ರುವಿನ ಒಂಟಿ ಕುದುರೆ ಸವಾರನೊಬ್ಬ ಎದುರಿಗೆ ಸುಳಿಯುತ್ತಾನೆ. ಬಿಲ್ಲುಗಾರರು ಅವನ ಬೆನ್ನಟ್ಟುತ್ತಾರೆ. ಅವನು ಓಡುತ್ತಾ ಓಡುತ್ತಾ ತನ್ನ ಕೋಟೆಯ ಅಡಿಗೆ ಅವರನ್ನು ಕರೆದೊಯ್ಯುತ್ತಾನೆ. ಆಟಗಾರ ಮರಳಿ ನೋಡುವಷ್ಟರಲ್ಲಿ ಪಡೆಯಲ್ಲಿ ಉಳಿದಿರುವುದು ಬೆರಳೆಣಿಕೆಯ ಮಂದಿ.

ಗಣಕಯಂತ್ರದ ಯುದ್ಧತಂತ್ರದ ಆಟಗಳನ್ನು ಆಡಿದವರಿಗೆಲ್ಲ ಈ ಸಂಕಟ ಪರಿಚಿತ. ಇಲ್ಲಿ ತಪ್ಪು ಅಪ್ಪಣೆಯಿಂದ ಪಡೆ ಹಾಳಾಗಲಿಲ್ಲ. ಒಡೆಯ ನೋಡದಿರುವಾಗ ಏನು ಮಾಡಬೇಕೆಂಬ ಅಪ್ಪಣೆಯೇ ಅದಕ್ಕೆ ಸಿಕ್ಕಿರಲಿಲ್ಲ. ಮಧ್ಯಯುಗದ ಕದನಗಳನ್ನು ಗಣಕದ ಪರದೆಗೆ ತಂದ ‘ಏಜ್ ಆಫ್ ಎಂಪೈರ್ಸ್-2’ ಆಟದ ಮರ್ಮವೂ ಇಲ್ಲೇ ಅಡಗಿದೆ.

ಅಮೆರಿಕದ ಟೆಕ್ಸಾಸ್ ರಾಜ್ಯದ ಎನ್ಸೆಂಬಲ್ ಸ್ಟುಡಿಯೋಸ್ ರೂಪಿಸಿದ ಈ ಆಟವನ್ನು ಮೈಕ್ರೋಸಾಫ್ಟ್ 1999ರಲ್ಲಿ ಬಿಡುಗಡೆ ಮಾಡಿತು. 2000ದಲ್ಲಿ ‘ದಿ ಕಾಂಕರರ್ಸ್’ ಎಂಬ ವಿಸ್ತರಣೆ ಬಂದರೆ, 2019ರಲ್ಲಿ ‘ಡೆಫಿನಿಟಿವ್ ಎಡಿಷನ್’ ಎಂಬ ಪರಿಷ್ಕೃತ ಆವೃತ್ತಿ ಬಂತು. 2022ರಲ್ಲಿ ದ್ರಾವಿಡರು, ಬಂಗಾಳಿಗಳು, ಗುರ್ಜರರು ಕೂಡ ಈ ಆಟದ ಕಣಕ್ಕಿಳಿದರು.

‘ಹೋಗು’ ಎಂದರೆ ಹೋಗುವುದಷ್ಟೇ

ಮೌಸ್‌ನ ಎಡಗುಂಡಿಯಿಂದ ಸೈನಿಕನನ್ನು ಆರಿಸಿಕೊಂಡು ಬಲಗುಂಡಿಯಿಂದ ಅಪ್ಪಣೆ ಕೊಡುವುದು ಮೊದಲ ಪಾಠ. ಮೌಸನ್ನು ಎಳೆದು ಚೌಕ ಬಿಡಿಸಿದರೆ ಅದರೊಳಗಿನ ಪಡೆಯೆಲ್ಲ ಒಟ್ಟಿಗೆ ಆಯ್ಕೆಯಾಗುತ್ತದೆ. ಕಂಟ್ರೋಲ್ ಕೀಲಿಯೊಂದಿಗೆ ಒಂದು ಅಂಕಿ ಒತ್ತಿದರೆ ಆ ಗುಂಪಿಗೆ ಅದೇ ಹೆಸರು. ಮುಂದೆ ಆ ಅಂಕಿಯನ್ನು ಒತ್ತಿದೊಡನೆ ಗುಂಪು ಕೈಗೆ ಸಿಗುತ್ತದೆ.

ಹೊಸಬರು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಬರಿಯ ನೆಲದ ಮೇಲೆ ಬಲಗುಂಡಿ ಒತ್ತಿದರೆ ಪಡೆಗೆ ಸಿಗುವುದು ನಡೆಯುವ ಅಪ್ಪಣೆ ಮಾತ್ರ. ದಾರಿಯಲ್ಲಿ ಯಾರು ಹೊಡೆದರೂ ಅದು ತಿರುಗಿ ಹೊಡೆಯದೆ ಗುರಿಯತ್ತ ಸಾಗುತ್ತದೆ. ಹಾದಿಯಲ್ಲಿ ಎದುರಾದವರೊಡನೆ ಕಾದಾಡುತ್ತಾ ಮುಂದುವರಿಯಬೇಕಾದರೆ ಪೆಟ್ರೋಲ್ ಎಂಬ ಗಸ್ತಿನ ಅಪ್ಪಣೆಯನ್ನೋ, ಪರಿಷ್ಕೃತ ಆವೃತ್ತಿಯಲ್ಲಿ ಅಟ್ಯಾಕ್ ಮೂವ್ ಎಂಬ ಅಪ್ಪಣೆಯನ್ನೋ ಕೊಡಬೇಕು.

ನಾಲ್ಕು ನಿಲುವುಗಳು

ಅಪ್ಪಣೆಯ ಆಯುಷ್ಯ ಕೆಲಸ ಮುಗಿಯುವ ತನಕ. ಆನಂತರ ಪಡೆಯ ನಡವಳಿಕೆಯನ್ನು ನಿರ್ಧರಿಸುವುದು ಅದರ ನಿಲುವು. ಆಟದಲ್ಲಿ ಇಂಥ ನಾಲ್ಕು ನಿಲುವುಗಳಿವೆ.

ಮೊದಲನೆಯದು ಅಗ್ರೆಸಿವ್. ಕಣ್ಣಿಗೆ ಬಿದ್ದ ಶತ್ರುವನ್ನು ಬೆನ್ನಟ್ಟಿ ಹೊಡೆಯುವ ನಿಲುವಿದು. ಆಟಗಾರ ಬದಲಿಸದ ಹೊರತು ಸೈನಿಕರು ಇದರಲ್ಲೇ ಇರುತ್ತಾರೆ. ಮೇಲೆ ಹೇಳಿದ ಬಿಲ್ಲುಗಾರರ ನಾಶಕ್ಕೂ ಇದೇ ಕಾರಣ. ಎರಡನೆಯ ಡಿಫೆನ್ಸಿವ್ ನಿಲುವಿನಲ್ಲಿ ಪಡೆ ಹತ್ತಿರ ಬಂದವರ ಮೇಲೆರಗುತ್ತದೆ, ಆದರೆ ದೂರ ಹೋಗದೆ ತನ್ನ ಜಾಗಕ್ಕೆ ಹಿಂದಿರುಗುತ್ತದೆ. ಮೂರನೆಯದಾದ ಸ್ಟ್ಯಾಂಡ್ ಗ್ರೌಂಡ್‌ನಲ್ಲಿ ಸೈನಿಕರು ನಿಂತ ನೆಲ ಬಿಟ್ಟು ಕದಲುವುದಿಲ್ಲ. ಆಯುಧಕ್ಕೆ ಎಟುಕಿದವರನ್ನಷ್ಟೇ ಹೊಡೆಯುತ್ತಾರೆ. ನಾಲ್ಕನೆಯದು ನೋ ಅಟ್ಯಾಕ್. ಹೇಳುವ ತನಕ ಯಾರ ಮೇಲೂ ಕೈಯೆತ್ತಬಾರದೆಂಬುದು ಇದರ ಅರ್ಥ.

ಕೊನೆಯದು ಯಾರಿಗೆ ಬೇಕೆಂದು ಕೇಳಬಹುದು. ಮ್ಯಾಂಗೊನೆಲ್ ಎಂಬ ಕಲ್ಲೆಸೆಯುವ ಯಂತ್ರವನ್ನು ಗಮನಿಸಿದರೆ ಉತ್ತರ ಸಿಗುತ್ತದೆ. ಅದು ಎಸೆದ ಕಲ್ಲುಗಳಿಗೆ ಸ್ವಪಕ್ಷ, ಪರಪಕ್ಷ ಎಂಬ ಭೇದವಿಲ್ಲ. ತನ್ನ ಖಡ್ಗಧಾರಿಗಳು ಶತ್ರುವಿನೊಡನೆ ಕೈಕೈ ಮಿಲಾಯಿಸಿರುವಾಗ ಯಂತ್ರ ತಾನಾಗಿಯೇ ಕಲ್ಲೆಸೆದರೆ ಇಬ್ಬರೂ ನೆಲಕಚ್ಚುತ್ತಾರೆ. ಆದ್ದರಿಂದಲೇ ಅನುಭವಿಗಳು ಅದರ ಕೈ ಕಟ್ಟಿಟ್ಟು, ಪ್ರತಿ ಎಸೆತಕ್ಕೂ ತಾವೇ ಗುರಿ ತೋರಿಸುತ್ತಾರೆ.

ವ್ಯೂಹದ ಲೆಕ್ಕ

ನಿಲುವಿನ ಜೊತೆಗೆ ವ್ಯೂಹವನ್ನೂ ಆಟಗಾರನೇ ಆರಿಸಬೇಕು. ಸಾಲಿನ ವ್ಯೂಹದಲ್ಲಿ ಖಡ್ಗ, ಭರ್ಜಿ ಹಿಡಿದವರು ಮುಂದೆ, ಬಿಲ್ಲುಗಾರರು ಹಿಂದೆ. ಚೌಕದ ವ್ಯೂಹದಲ್ಲಿ ದುರ್ಬಲರು ನಡುವೆ, ಬಲಿಷ್ಠರು ಸುತ್ತ. ಕಲ್ಲುಗಳ ಮಳೆ ಸುರಿಯುವಾಗ ಅಂತರ ಬಿಟ್ಟು ಹರಡಿಕೊಳ್ಳುವ ವ್ಯೂಹವೇ ಲೇಸು. ಪಡೆಯನ್ನು ಎರಡಾಗಿ ಸೀಳಿ ಇಕ್ಕೆಲಗಳಿಂದ ಮುತ್ತುವ ವ್ಯೂಹವೂ ಇದೆ. ಆದರೆ ವ್ಯೂಹಕ್ಕೆ ತೆರಬೇಕಾದ ಬೆಲೆಯೊಂದಿದೆ. ಒಟ್ಟಾಗಿ ಸಾಗುವ ದಂಡು ತನ್ನಲ್ಲಿನ ಅತಿ ನಿಧಾನಿಯ ವೇಗದಲ್ಲೇ ನಡೆಯುತ್ತದೆ. ಕುದುರೆಗಳನ್ನು ಕಲ್ಲೆಸೆಯುವ ಯಂತ್ರದೊಡನೆ ಒಂದೇ ಗುಂಪಿಗೆ ಸೇರಿಸಿದರೆ ಕುದುರೆಯ ಓಟವೇ ವ್ಯರ್ಥ.

ಹೇಸ್ಟಿಂಗ್ಸ್ ಕದನದ ಪಾಠ

ಇದೆಲ್ಲ ಆಟ ರೂಪಿಸಿದವರ ಕಲ್ಪನೆಯಲ್ಲ. 1066ರ ಅಕ್ಟೋಬರ್ 14ರಂದು ಇಂಗ್ಲೆಂಡಿನ ಹೇಸ್ಟಿಂಗ್ಸ್ ಬಳಿ ರಾಜ ಹೆರಾಲ್ಡನ ಕಾಲಾಳುಗಳು ದಿಬ್ಬದ ಮೇಲೆ ಗುರಾಣಿಗಳ ಗೋಡೆ ಕಟ್ಟಿ ನಿಂತಿದ್ದರು. ನಾರ್ಮಂಡಿಯ ವಿಲಿಯಮ್ಮನ ಅಶ್ವಪಡೆ ದಾಳಿ ಮಾಡಿ ಹಿಮ್ಮೆಟ್ಟಿದಾಗ ಹೆರಾಲ್ಡನ ಕೆಲವು ಪಡೆಗಳು ಗೆಲುವು ಕೈಗೆ ಬಂತೆಂದು ಇಳಿಜಾರಿನಲ್ಲಿ ಬೆನ್ನಟ್ಟಿದವು. ಬಯಲಿಗಿಳಿದವರನ್ನು ಕುದುರೆ ಸವಾರರು ತಿರುಗಿ ಸುತ್ತುವರಿದು ಕತ್ತರಿಸಿದರು. ಆ ಹಿಮ್ಮೆಟ್ಟುವಿಕೆಗಳಲ್ಲಿ ನಿಜವೆಷ್ಟು, ನಟನೆಯೆಷ್ಟು ಎಂಬುದರ ಬಗ್ಗೆ ಇತಿಹಾಸಕಾರರಲ್ಲಿ ಚರ್ಚೆಯಿದೆ. ಗೋಡೆ ತೆಳುವಾದದ್ದಂತೂ ದಿಟ. ದಿನ ಮುಗಿಯುವ ಮುನ್ನ ಹೆರಾಲ್ಡ್ ಹತನಾದ. ಅದೇ ವರ್ಷದ ಕ್ರಿಸ್‌ಮಸ್ ದಿನ ವಿಲಿಯಮ್ಮನಿಗೆ ಪಟ್ಟವಾಯಿತು. ಈ ಕದನ ‘ಕಾಂಕರರ್ಸ್’ ವಿಸ್ತರಣೆಯ ಒಂದು ಅಧ್ಯಾಯವೂ ಹೌದು.

ಆಟಗಾರನಿಗೆ ಹೆರಾಲ್ಡನಿಗಿಲ್ಲದ ಅನುಕೂಲವಿದೆ. ಕದನದ ಗದ್ದಲದಲ್ಲಿ ಅಂದಿನ ದೊರೆಯ ದನಿ ಸಾಲಿನ ತುದಿಯನ್ನೂ ಮುಟ್ಟುತ್ತಿರಲಿಲ್ಲ. ಇಂದು ಮೌಸ್‌ನ ಒಂದು ಕ್ಲಿಕ್ಕು ಇಡೀ ದಂಡನ್ನು ಹಿಂದಕ್ಕೆ ಕರೆಯಬಲ್ಲದು. ಆದರೆ ಕರೆಯಬೇಕಾದವನ ಕಣ್ಣು ಆ ಕ್ಷಣ ಅಲ್ಲಿರಬೇಕು. ಹೊಲ, ಗಣಿ, ಮಾರುಕಟ್ಟೆ, ಗಡಿ ಎಲ್ಲವೂ ಏಕಕಾಲಕ್ಕೆ ನಡೆಯುವ ಈ ಆಟದಲ್ಲಿ ಚಿನ್ನಕ್ಕಿಂತ ದುರ್ಲಭವಾದದ್ದು ಆಟಗಾರನ ಗಮನ.

ಆದ್ದರಿಂದ ಹೊಸದಾಗಿ ಆಡತೊಡಗಿದವರು ಒಂದು ಅಭ್ಯಾಸ ಮಾಡಿಕೊಂಡರೆ ಸಾಕು. ಪಡೆಯನ್ನು ಬಿಟ್ಟು ಬೇರೆಡೆ ನೋಡುವ ಮುನ್ನ ಅದರ ನಿಲುವನ್ನು ಗೊತ್ತುಪಡಿಸಬೇಕು. ಇಕ್ಕಟ್ಟಾದ ದಾರಿ ಕಾಯುವ ಭರ್ಜಿಗಾರರಿಗೆ ಸ್ಟ್ಯಾಂಡ್ ಗ್ರೌಂಡ್, ಊರ ಹೊರಗಿನ ಕಾವಲು ಪಡೆಗೆ ಡಿಫೆನ್ಸಿವ್, ಕಲ್ಲೆಸೆಯುವ ಯಂತ್ರಕ್ಕೆ ನೋ ಅಟ್ಯಾಕ್. ಅಗ್ರೆಸಿವ್ ನಿಲುವು ಆಟಗಾರನ ಕಣ್ಣೆದುರಿಗಿರುವ ದಂಡಿಗಷ್ಟೇ ಮೀಸಲಾಗಿರಲಿ.